ಮುಟ್ಟಿದ ತಪ್ಪು

ಮಿಕ್ಸರು, ಫ್ಯಾನು, ಫ್ರಿಜ್ಜು ಮಾರುವ ಅಂಗಡಿಯ ದೂರಿನ ಕೌಂಟರಿನಲ್ಲಿ ಕೂರುವವಳಿಗೆ ಜೊತೆಯವರು ಇಟ್ಟ ಹೆಸರು ಸಾರಿ ಅಕ್ಕ. ತಾನು ಮಾಡದ ಫ್ಯಾನು ತಾನು ಕಾಣದ ಮನೆಯಲ್ಲಿ ತಿರುಗದೆ ನಿಂತರೆ ಅದಕ್ಕೆ ಕ್ಷಮೆ ಕೇಳುವುದೇ ಅವಳ ಹೊಟ್ಟೆಪಾಡು. ಕೆಂಡ ಕಾರುತ್ತ ಬಂದ ಗಿರಾಕಿ ಕರಗಿ ವಾಪಸು ಹೋಗುತ್ತಿದ್ದ. ಮರ್ಯಾದೆಯೇನು, ಸಂಜೆ ಮನೆಗೆ ಹೋಗಿ ಮುಖ ತೊಳೆದರೆ ಮತ್ತೆ ಬರುತ್ತದೆ ಎಂಬುದು ಅವಳ ಸಿದ್ಧಾಂತ.

ಹಾಗಾಗಿ ಮಗಳ ಶಾಲೆಯಿಂದ ಕರೆ ಬಂದಾಗ ಅವಳಿಗೆ ಭಯಕ್ಕಿಂತ ಕಸುಬಿನ ಹುಮ್ಮಸ್ಸೇ ಹೆಚ್ಚಾಯಿತು. ಮಗಳು ಕ್ಲಾಸ್ ಲೀಡರ್ ಹುಡುಗಿಯ ಮೇಲೆ ಕೈಮಾಡಿದ್ದಾಳಂತೆ. ಕ್ಷಮೆ ಕೇಳಿದರೆ ಸರಿ, ಇಲ್ಲದಿದ್ದರೆ ಪರೀಕ್ಷೆಗೆ ಕೂರಿಸುವುದಿಲ್ಲವಂತೆ. ದಾರಿಯುದ್ದಕ್ಕೂ ಮಗಳಿಗೆ ತರಬೇತಿ ನಡೆಯಿತು.

"ತಲೆ ಸ್ವಲ್ಪ ಬಗ್ಗಿಸು, ಪೂರ್ತಿ ಬೇಡ, ನಾಟಕ ಅನಿಸುತ್ತೆ. 'ಆದರೆ' ಅನ್ನೋ ಮಾತು ಬಾಯಿಗೇ ಬರಬಾರದು."

"ಅಮ್ಮ, ಅವಳು..."

"ಸಾರಿ ಅಂದ್ರೆ ನಾಲಿಗೆ ಸವೆಯುತ್ತೇನೇ? ನನ್ನದು ನೋಡು, ಇನ್ನೂ ಅಷ್ಟೇ ಉದ್ದ ಇದೆ."

ಮಗಳು ನಗಲಿಲ್ಲ.

ಹೆಡ್‌ಮೇಡಂ ಕೋಣೆಯಲ್ಲಿ ಗಾಜಿನ ಬೀರುವಿನ ತುಂಬ ಶಾಲೆ ಗೆದ್ದ ಕಪ್ಪುಗಳು. ಲೀಡರ್ ಹುಡುಗಿ ತನ್ನ ತಾಯಿಯ ಪಕ್ಕ ಕುರ್ಚಿಯಲ್ಲಿದ್ದಳು. ಒಳಗೆ ಬಂದು ನಿಂತ ಇವರಿಬ್ಬರಿಗೆ 'ಕೂರಿ' ಅನ್ನುವುದು ಯಾರಿಗೂ ನೆನಪಾಗಲಿಲ್ಲ. ಸಾರಿ ಅಕ್ಕ ಆ ಹುಡುಗಿಯ ಮುಖವನ್ನು ಕೌಂಟರಿಗೆ ಬಂದ ಮಿಕ್ಸರನ್ನು ನೋಡುವಂತೆ ನೋಡಿದಳು. ಒಂದು ಗೀರೂ ಇಲ್ಲ.

"ಏಟು ಎಲ್ಲಿ ಬಿದ್ದಿದೆ, ಮೇಡಂ?"

"ಏಟಲ್ಲಮ್ಮ. ಇಡೀ ಕ್ಲಾಸಿನ ಎದುರಿಗೆ ಎರಡೂ ಕೈಯಿಂದ ಮುಖ ಹಿಡ್ಕೊಂಡುಬಿಟ್ಟಿದ್ದಾಳೆ."

"ಮನೆಗೆ ಬಂದು ಮೂರು ಸಲ ಸೋಪು ಹಾಕಿ ತೊಳ್ಕೊಂಡ್ಲು, ಪಾಪ," ಅಂದರು ಆ ತಾಯಿ.

ಸೋಪಿನ ಮಾತು ಸಾರಿ ಅಕ್ಕನಿಗೆ ಮುಳ್ಳಿನಂತೆ ಚುಚ್ಚಿತು. "ಯಾಕೇ ಹಿಡ್ಕೊಂಡೆ?" ಎಂದು ಮಗಳ ಕಡೆ ತಿರುಗಿದಳು.

"ನನ್ನದು ಫೀಸಿಲ್ಲದ ಸೀಟಲ್ವಾ, ಕ್ಲಾಸಲ್ಲಿ ನನ್ನ ಹೆಸರು ಫ್ರೀ," ಎಂದಳು ಮಗಳು, ಪಾಠ ಒಪ್ಪಿಸುವವಳಂತೆ. "ನಾನು ಯಾರಿಗಾದ್ರೂ ತಾಗಿದ್ರೆ 'ಫ್ರೀ ಅಂಟ್ತು' ಅಂತ ಪಕ್ಕದವಳಿಗೆ ಒರೆಸ್ತಾರೆ. ಅವಳು ಇನ್ನೊಬ್ಬಳಿಗೆ. ಬೆಲ್ ಹೊಡೆದಾಗ ಯಾರ ಮೈಮೇಲಿರುತ್ತೋ ಅವಳು ಸೋತಳು. ಆಟ ಕಟ್ಟಿದ್ದು ಇವಳು. ಅದಕ್ಕೆ ಇವಳಿಗೇ ಕೊಟ್ಟೆ, ಒರೆಸಿದ್ರೂ ಹೋಗದಷ್ಟು."

"ಎಷ್ಟು ದಿನದಿಂದ?"

"ಹೋದ ವರ್ಷದಿಂದ."

"ನನಗೊಂದು ಮಾತು ಹೇಳೋಕೇನಾಗಿತ್ತು?"

"ಹೇಳಿದ್ದೆ. 'ನೀನೇ ಒಂದು ಸಾರಿ ಹೇಳಿಬಿಡು, ಸುಮ್ಮನಾಗ್ತಾರೆ' ಅಂದೆ ನೀನು."

ಕೋಣೆಯಲ್ಲಿ ಫ್ಯಾನು ಮಾತ್ರ ಚೆನ್ನಾಗಿ ತಿರುಗುತ್ತಿತ್ತು.

"ಮಕ್ಕಳಾಟ," ಎಂದರು ಹೆಡ್‌ಮೇಡಂ. "ಅದನ್ನೆಲ್ಲ ಎಳೀತಾ ಕೂತರೆ ಶಾಲೆ ನಡೆಯಲ್ಲ. ಸೀಟು ಕೊಟ್ಟಿದ್ದೀವಿ, ಪುಸ್ತಕ ಕೊಟ್ಟಿದ್ದೀವಿ, ನಾವೆಲ್ಲಿ ಭೇದ ಮಾಡಿದ್ವಿ? 'ತಪ್ಪಾಯ್ತು, ಇನ್ಮೇಲೆ ಇವಳನ್ನ ಮುಟ್ಟಲ್ಲ' ಅಂತ ಒಂದು ಮಾತು ಅಂದುಬಿಡಲಿ. ಮುಗೀತು."

ಮಗಳು ತಲೆ ಬಗ್ಗಿಸಿದಳು. ಸ್ವಲ್ಪವೇ, ಹೇಳಿಕೊಟ್ಟಷ್ಟೇ. ಬಾಯಿ ತೆರೆದಳು. ಇಷ್ಟು ವರ್ಷ ಕೌಂಟರಿನ ಹಿಂದೆ ನುಂಗಿದ್ದೆಲ್ಲ ಸಾರಿ ಅಕ್ಕನ ಗಂಟಲಿಗೆ ಒಟ್ಟಿಗೇ ಬಂತು.

"ಮುಚ್ಚೇ ಬಾಯಿ. ಒಂದಕ್ಷರ ಆಡಿದ್ರೆ ನೋಡು."

ಲೀಡರ್ ಹುಡುಗಿಯೂ ಬೆಚ್ಚಿದಳು.

"ಹೊಡೆದಿದ್ರೆ ನಾನೇ ಕಾಲು ಹಿಡಿಸ್ತಿದ್ದೆ, ಮೇಡಂ. ಮುಟ್ಟಿದ್ದಕ್ಕೆ ಏನಂತ ಕೇಳಬೇಕು? ಮಕ್ಕಳು ಇಷ್ಟು ದಿನ ಬೆಂಚಿನ ಹತ್ರ ಆಡ್ತಿದ್ದ ಆಟಾನ ಈಗ ನೀವು ಈ ಮೇಜಿನ ಹತ್ರ ಆಡ್ತಿದ್ದೀರಿ. ಇವಳು 'ಮುಟ್ಟಲ್ಲ' ಅಂದ್ರೆ ನೀವೆಲ್ಲ ಗೆದ್ರಿ."

"ದನಿ ತಗ್ಗಿಸಿ ಮಾತಾಡಿ. ಪರೀಕ್ಷೆ ಬೇಡ್ವಾ ಇವಳಿಗೆ?"

"ಬೇಕು. ಬರೀತಾಳೆ."

"ಅದು ಹೇಗೋ ನೋಡ್ತೀನಿ."

ಸಾರಿ ಅಕ್ಕ ಗೋಡೆಯ ಬದಿಯ ಎರಡು ಕುರ್ಚಿಗಳನ್ನು ಎಳೆದು ಮೇಜಿನ ಮುಂದೆ ಹಾಕಿದಳು. ಒಂದರಲ್ಲಿ ಮಗಳನ್ನು ಕೂರಿಸಿ, ಇನ್ನೊಂದರಲ್ಲಿ ತಾನು ಕುಳಿತಳು.

"ನಮ್ಮ ಕೌಂಟರಿಗೆ ಕೆಲವರು ಬರ್ತಾರೆ, ಏನು ಹೇಳಿದ್ರೂ ಎದ್ದು ಹೋಗಲ್ಲ. ಅವರನ್ನ ಕಂಡ್ರೆ ಮೈ ಉರೀತಿತ್ತು ನನಗೆ. ಆದ್ರೆ ಅಂಥವರ ಕೆಲಸ ಆಗದೆ ಇದ್ದದ್ದು ಒಂದು ಸಲಾನೂ ನೋಡಿಲ್ಲ, ಮೇಡಂ."

"ಹೊರಗೆ ಬೇರೆ ಪೋಷಕರು ಕಾಯ್ತಿದ್ದಾರೆ."

"ಬಾಗಿಲು ತೆಗೆದಿಡಿ, ಅವರೂ ಕೇಳಿಸ್ಕೊಳ್ಳಲಿ." ಅವಳು ಮಗಳ ಎರಡೂ ಕೈಗಳನ್ನು ಹಿಡಿದುಕೊಂಡಳು. "ಹೋದ ವರ್ಷದಿಂದ ಅಂದ್ಯಲ್ಲ. ಮೊದಲಿಂದ ಹೇಳು."