ಎಂಟನೆಯ ಇಸವಿಯವರೆಗೆ

ಗಾಶೆ ತಸ್ಸೌ ಅವರ ಕಂಪ್ಯೂಟರಿನಲ್ಲಿ ಜಾಗ ಮುಗಿದದ್ದು ನನ್ನ ತಪ್ಪಲ್ಲ. ಆಮೇಲೆ ಆದದ್ದು ನನ್ನ ತಪ್ಪೋ, ಅವರದೋ, ಇಬ್ಬರದೂ ಅಲ್ಲವೋ ಎಂಬುದು ಇವತ್ತಿಗೂ ನನಗೆ ಸ್ಪಷ್ಟವಾಗಿಲ್ಲ. ನಡೆದದ್ದನ್ನು ನಡೆದ ಹಾಗೆಯೇ ಬರೆಯುತ್ತೇನೆ.

ನನ್ನ ಹೆಸರು ಲಕೆಚ್. ದೆಸ್ಸಿಯೆಯಲ್ಲಿ ಗಾಶೆ ತಸ್ಸೌ ಅವರ ಅಂಗಳದ ಹಿಂದಿನ ಕೋಣೆಯಲ್ಲಿ ಆರು ವರ್ಷದಿಂದ ಬಾಡಿಗೆಗಿದ್ದೇನೆ. ಹಗಲು ಒಂದು ಶಾಲೆಯ ಉಗ್ರಾಣ ನೋಡಿಕೊಳ್ಳುತ್ತೇನೆ. ಸಂಜೆಯ ತರಗತಿಗೆ ಹೋಗಿ ಎರಡು ವರ್ಷ ಕಂಪ್ಯೂಟರ್ ಕಲಿತಿದ್ದೇನೆ. ಹಿರಿಯ ಗಂಡಸರನ್ನು ನಾವು ಗೌರವದಿಂದ ಗಾಶೆ ಎನ್ನುತ್ತೇವೆ. ಈ ಗಾಶೆ ನಮ್ಮ ಕೇರಿಯ ಇದ್ದಿರಿಗೆ ಕಾರ್ಯದರ್ಶಿ. ಯಾರ ಮನೆಯಲ್ಲಿ ಸಾವಾದರೂ ಡೇರೆ ಹಾಕಿ, ಬೆಂಚು ಜೋಡಿಸಿ, ಮಣ್ಣು ಮಾಡಿ ಮುಗಿಸುವವರೆಗೆ ಜೊತೆಗೆ ನಿಲ್ಲುವ ನೆರೆಯವರ ಸಂಘವೇ ಇದ್ದಿರು. ಚರ್ಚಿಗೆ ಹೋಗುವವರಿಗೂ ಮಸೀದಿಗೆ ಹೋಗುವವರಿಗೂ ಅದು ಒಂದೇ. ಈ ಸಲ ಅದಕ್ಕೆ ನಲವತ್ತು ತುಂಬುತ್ತಿತ್ತು. ಸತ್ತವರಿಗೆ ನಲವತ್ತನೆಯ ದಿನ ಮಾಡುತ್ತೇವಲ್ಲ, ಹಾಗೆಯೇ ಇದ್ದಿರಿನ ನಲವತ್ತನೆಯ ವರ್ಷ, ಅದು ಮಣ್ಣು ಮಾಡಿದ ಎಲ್ಲರ ಹೆಸರನ್ನೂ ಸಭೆಯಲ್ಲಿ ನಿಂತು ಓದಬೇಕೆಂದು ತೀರ್ಮಾನವಾಗಿತ್ತು.

ಹಳೆಯ ದಫ್ತರದಲ್ಲಿದ್ದ ಹೆಸರುಗಳನ್ನೆಲ್ಲ ಗಾಶೆ ಹಿಂದೆ ಎರಡೇ ಬೆರಳಿನಲ್ಲಿ, ವರ್ಷಗಟ್ಟಲೆ ಕೂತು ಕಂಪ್ಯೂಟರಿಗೆ ಹಾಕಿದ್ದರು. ದಫ್ತರವನ್ನು ಆಮೇಲೆ ಡೇರೆ ಇಡುವ ಕೊಠಡಿಯಲ್ಲಿ ಇಲಿ ತಿಂದಿತು. ಈಚೆಗೆ ಸತ್ತವರ ಹೆಸರು ನನ್ನ ನೋಟ್‌ಬುಕ್ಕಿನಲ್ಲಿದೆ, ಏಕೆಂದರೆ ಗಾಶೆಯ ಕಣ್ಣಿಗೆ ಪೊರೆ ಬಂದಿದೆ. ಸಭೆಯಲ್ಲಿ ಓದಬೇಕಾದವಳೂ ನಾನೇ. ಒಂದು ಹೆಸರು ಬಿಟ್ಟುಹೋದರೂ ಆ ಮನೆಯವರು ಸಾಯುವತನಕ ಮರೆಯುವುದಿಲ್ಲ.

ಸಭೆಗೆ ಹದಿನೈದು ದಿನವಿರುವಾಗ ಕಂಪ್ಯೂಟರ್ ಏನನ್ನೂ ತೆರೆಯಲು ಒಪ್ಪಲಿಲ್ಲ. ಜಾಗವಿಲ್ಲ, ಜಾಗವಿಲ್ಲ ಎಂದು ಒಂದೇ ಮಾತು.

"ಕಸ ಗುಡಿಸಿಬಿಡಮ್ಮಾ ಲಕೆಚ್," ಎಂದರು ಗಾಶೆ. "ಎಂಟನೇ ಇಸವಿವರೆಗಿಂದು ಒಂದೂ ಬೇಡ. ಬರೀ ತಂಗಿ ಮಕ್ಕಳ ಮದುವೆ ವಿಡಿಯೋ. ಆ ಮದುವೆಗಳೇ ಉಳೀಲಿಲ್ಲ, ವಿಡಿಯೋ ಯಾಕೆ?"

ಇಲ್ಲೇ ನಾನು ಯೋಚನೆ ಮಾಡಿದ್ದು. ಯೋಚನೆ ಮಾಡದೆ ಇದ್ದಿದ್ದರೆ ಚೆನ್ನಾಗಿತ್ತು. ನಮ್ಮ ದೇಶದ ಪಂಚಾಂಗದ ಇಸವಿ ಹೊರಗಿನವರ ಇಸವಿಗಿಂತ ಏಳೆಂಟು ವರ್ಷ ಹಿಂದೆ ನಡೆಯುತ್ತದೆ. ಕಂಪ್ಯೂಟರ್ ತೋರಿಸುವುದು ಹೊರಗಿನವರ ಲೆಕ್ಕ. ಎಪ್ಪತ್ತೆರಡು ವರ್ಷದ ಮುದುಕರು ಎಂಟು ಎಂದರೆ ನಮ್ಮ ಎರಡು ಸಾವಿರದ ಎಂಟೇ ಇರಬೇಕು. ಕಂಪ್ಯೂಟರಿನಲ್ಲಿ ಅದು ಹದಿನಾರು. ಹಾಗಾಗಿ ಎಂಟು ಕೂಡಿಸಿದೆ. ಬೇರೆ ಯಾರಾದರೂ ಆಗಿದ್ದರೆ ಇದನ್ನು ಗಮನಿಸುತ್ತಲೇ ಇರಲಿಲ್ಲ ಎಂದು ಸ್ವಲ್ಪ ಹೆಮ್ಮೆಯೂ ಆಯಿತು.

ಅಳಿಸುವ ಮುನ್ನ ಮೂರು ಸಲ ಕೇಳಬೇಕು ಎಂದು ನಮ್ಮ ಸಂಜೆಯ ಮೇಷ್ಟ್ರು ಕಲಿಸಿದ್ದರು. ನಾನು ಮೂರು ಸಲವೂ ಕೇಳಿದೆ.

"ಗಾಶೆ, ಎಂಟರವರೆಗೆ ಇರೋದೆಲ್ಲಾನೂ?"

"ಎಲ್ಲಾನೂ."

ಎಲ್ಲವನ್ನೂ ಕಸದ ಬುಟ್ಟಿಗೆ ಹಾಕಿದೆ. ಹಾಕಿದರೂ ಜಾಗವಾಗಲಿಲ್ಲ. ಬುಟ್ಟಿ ಖಾಲಿ ಮಾಡಿದರೆ ಮಾತ್ರ ಜಾಗವಾಗುತ್ತದೆ.

"ಗಾಶೆ, ಬುಟ್ಟಿ ಖಾಲಿ ಮಾಡಿದ್ರೆ ಮತ್ತೆ ಸಿಗಲ್ಲ. ಎಂಟರವರೆಗೆ ತಾನೆ?"

"ಎಂಟರವರೆಗೆ ಕಣಮ್ಮಾ!"

"ಒಂದು ಸಲ ಬೇರೆ ಕಡೆ ನಕಲು ಇಟ್ಕೊಳ್ಳೋಣ್ವಾ?"

"ಆಲೂಗಡ್ಡೆ ಸಿಪ್ಪೆ ಬಿಸಾಕೋಕೆ ಮುಂಚೆ ಯಾರಾದ್ರೂ ತೊಳೆದಿಡ್ತಾರಾ? ಎಂಟರವರೆಗೆ ಎತ್ತಿ ಬಿಸಾಕು, ಕಾಫಿ ಆರಿಹೋಗ್ತಿದೆ."

ಆದರೂ ನನ್ನ ಸಮಾಧಾನಕ್ಕೆಂದು, ಉಳಿಸಿಕೊಂಡದ್ದನ್ನೆಲ್ಲ, ಅಂದರೆ ಹದಿನಾರರ ನಂತರದ್ದನ್ನು, ನನ್ನ ಪೆನ್‌ಡ್ರೈವಿಗೆ ಹಾಕಿಟ್ಟೆ. ಅದು ಮೊಮ್ಮಕ್ಕಳ ಶಿಶುವಿಹಾರದ ಹಾಡುಗಳು ಎಂದು ಆಮೇಲೆ ಗೊತ್ತಾಯಿತು. ಈಗ ಆ ಹಾಡುಗಳು ಎರಡೆರಡು ಕಡೆ ಭದ್ರವಾಗಿವೆ.

ಮರುದಿನ ಶಾಲೆಯಿಂದ ಬಂದಾಗ ಗಾಶೆ ಕಂಪ್ಯೂಟರಿನ ಮುಂದೆ ಕುರ್ಚಿ ಹಾಕಿಸಿಕೊಂಡು ಕಾಯುತ್ತಿದ್ದರು. ಕಣ್ಣು ಕಾಣದಿದ್ದರೂ ಅವರಿಗೆ ಅದರ ಮುಂದೆ ಕೂರುವುದು ಇಷ್ಟ.

"ತೆಗಿ, ಇದ್ದಿರಿಂದು ತೆಗಿ."

ನಾನು ಹುಡುಕಿದೆ. ಹೆಸರು ಹಾಕಿ ಹುಡುಕಿದೆ. ಎಲ್ಲೂ ಇರಲಿಲ್ಲ.

"ಗಾಶೆ, ಅದನ್ನ ಯಾವಾಗ ಟೈಪ್ ಮಾಡಿದ್ರಿ?"

"ಹತ್ತರಲ್ಲಿ ಶುರು ಮಾಡ್ದೆ, ಹದಿನಾಲ್ಕರಲ್ಲಿ ಮುಗಿಸ್ದೆ."

"ನಮ್ಮ ಹತ್ತಾ?"

"ಕಂಪ್ಯೂಟರಿನ ಹತ್ತು! ಕಂಪ್ಯೂಟರಿನ ವಿಷ್ಯ ಮಾತಾಡೋವಾಗ ಕಂಪ್ಯೂಟರಿನ ಇಸವೀನೇ ತಾನೆ ಹೇಳೋದು? ನೀನು ಓದಿದೋಳು, ನಿನಗೆ ತೊಂದ್ರೆ ಆಗ್ಬಾರ್ದು ಅಂತ ನಿನ್ನೆ ನಾನೇ ಲೆಕ್ಕ ಹಾಕಿ ಎಂಟು ಅಂದೆ."

"ನಾನೂ ಲೆಕ್ಕ ಹಾಕಿದೆ, ಗಾಶೆ."

ಅವರು ಕೀಲಿಮಣೆಯ ಮೇಲೆ ಕೈಯಿಟ್ಟುಕೊಂಡು ಕೂತಿದ್ದರು. ಆಮೇಲೆ ಮೆಲ್ಲಗೆ, "ಅದರಲ್ಲಿ ನನ್ನ ಅಸ್ಕಾಲೆ ಇದ್ಲು," ಎಂದರು. "ಅವಳ ಹೆಸರು ಹೊಡೆಯೋಕೆ ನನಗೆ ಒಂದಿಡೀ ದಿನ ಹಿಡೀತು."

ಅಸ್ಕಾಲೆ ಅವರ ಹೆಂಡತಿ. ನಾನು ನೋಡಿಲ್ಲ, ನಾನು ಬರುವ ಮುಂಚೆಯೇ ತೀರಿಕೊಂಡಿದ್ದರು.

ಪೇಟೆಯಲ್ಲಿ ಕಂಪ್ಯೂಟರ್ ರಿಪೇರಿ ಮಾಡುವವನ ಬಳಿಗೆ ಪೆಟ್ಟಿಗೆಯನ್ನೇ ಹೊತ್ತುಕೊಂಡು ಹೋದೆ. ಅಳಿಸಿದ ಮೇಲೆ ಹೊಸದೇನಾದರೂ ಹಾಕಿದಿರಾ ಎಂದು ಕೇಳಿದ. ಹಾಕಿದ್ದೆ. ಜಾಗವಾಯಿತಲ್ಲ ಎಂಬ ಖುಷಿಯಲ್ಲಿ, ಸಭೆಯ ಆಮಂತ್ರಣ ಪತ್ರಗಳನ್ನು ಮಾಡಿ ಅದರಲ್ಲೇ ಇಟ್ಟಿದ್ದೆ. ಎರಡು ದಿನ ಬಿಟ್ಟು ಅವನು ಏನೇನೋ ಹೊರತೆಗೆದು ಕೊಟ್ಟ. ಅರ್ಧ ಮದುಮಗಳು, ಯಾರದೋ ಭುಜ, ಕೇಕಿನ ಒಂದು ತುಂಡು. ಹೆಸರು ಒಂದೂ ಇಲ್ಲ.

ಗಾಶೆ ಮಾತು ಬಿಟ್ಟರು. ದಿನವೂ ಮಧ್ಯಾಹ್ನ ನನ್ನ ಕೋಣೆಗೆ ಬರುತ್ತಿದ್ದ ಕಾಫಿ ಬರಲಿಲ್ಲ. ಒಂದು ಸಲ ಮಾತ್ರ, ನಾನು ನೀರು ಹಿಡಿಯುವಾಗ ಬಾಗಿಲಲ್ಲಿ ನಿಂತು, "ಇನ್ನೂರಾರು," ಎಂದರು. "ದಫ್ತರದಲ್ಲಿ ಇನ್ನೂರಾರು ಜನ ಇದ್ರು. ನನಗೆ ಹೆಸರೆಲ್ಲಾ ನೆನಪಿಲ್ಲ, ಲೆಕ್ಕ ನೆನಪಿದೆ. ಏನು ಮಾಡ್ತೀಯೋ ಮಾಡು. ಭಾನುವಾರ ಎಲ್ಲರ ಮುಂದೆ ನಿಂತು ನೀನು ಓದ್ತೀಯ, ಎಲ್ಲರ ಜೊತೆ ಕೂತು ನಾನು ಕೇಳ್ತೀನಿ. ಅದಕ್ಕೆ ಮುಂಚೆ ನನಗೆ ಏನೂ ಓದಿ ಹೇಳ್ಬೇಡ."

ಇನ್ನೂರಾರು ಹೆಸರನ್ನು ಎಲ್ಲಿಂದ ತರುವುದು? ಮನೆಮನೆಗೆ ಹೋಗಿ ನಿಮ್ಮಲ್ಲಿ ಯಾರು ಸತ್ತಿದ್ದಾರೆ ಎಂದು ಕೇಳುವುದೇ? ಮೂರು ಮನೆಗೆ ಹೋದೆ. ಮೂರನೆಯ ಮನೆಯಾಕೆ ಕೊಲೊಗೆಂದು ಬಾರ್ಲಿ ಹುರಿಯುತ್ತಿದ್ದ ಬಾಣಲೆ ಬಿಟ್ಟು ಎದ್ದು ಬಂದು, "ಅಂದ್ರೆ ನಮ್ಮ ಅಪ್ಪನ್ನ ಅಳಿಸಿದ್ದು ನೀನೇನಾ?" ಎಂದಳು. ನಾಲ್ಕನೆಯ ಮನೆಗೆ ಹೋಗುವ ಧೈರ್ಯವಾಗಲಿಲ್ಲ.

ಆಗ ನೆನಪಾದವರು ಗಾಶೆ ನೂರ್ಯೆ. ಕೇರಿಯಲ್ಲಿ ಸಾವಾದರೆ ನಸುಕಿನಲ್ಲಿ ತುತ್ತೂರಿ ಊದಿ, ಸತ್ತವರ ಹೆಸರು ಕೂಗುತ್ತ ಗಲ್ಲಿಗಲ್ಲಿ ಸುತ್ತುವವರು ಅವರು. ಇದ್ದಿರು ಹುಟ್ಟಿದಾಗಿನಿಂದ ಅವರೊಬ್ಬರೇ ಕೂಗಿರುವುದು. ಓದು ಬರಹ ಬಾರದು. ಅವರ ಮನೆಯಲ್ಲಿ ಕೂತು, ನೋಟ್‌ಬುಕ್ಕು ತೆರೆದು ಕೇಳಿದೆ.

ಅವರು ಕಣ್ಣು ಮುಚ್ಚಿದರು. ತೆರೆದರು. ತಲೆಯಾಡಿಸಿದರು.

"ಕೂತ್ರೆ ಒಂದೂ ಬರಲ್ಲ ಮಗಳೇ. ನಾನು ಕೂತ್ಕೊಂಡು ಯಾವತ್ತು ಕೂಗಿದ್ದೀನಿ? ಏಳು, ನಡಿ."

ಹಾಗೆ ಎರಡು ಮಧ್ಯಾಹ್ನ ನಾವು ಕೇರಿ ಸುತ್ತಿದೆವು. ತೋಸಾ ಬೆಟ್ಟದಿಂದ ಮಂಜು ಇಳಿಯುತ್ತಿತ್ತು. ಅವರು ಊದದಿದ್ದರೂ ತುತ್ತೂರಿಯನ್ನು ಕಂಕುಳಲ್ಲಿಟ್ಟುಕೊಂಡೇ ಮುಂದೆ ನಡೆದರು. ಒಂದೊಂದು ತಗಡಿನ ಬಾಗಿಲ ಮುಂದೆ ನಿಂತಾಗಲೂ ಅವರ ಬಾಯಿಂದ ಹೆಸರು ತಾನಾಗಿ ಬಂತು, ತಂದೆಯ ಹೆಸರಿನ ಸಮೇತ.

"ಇಲ್ಲಿ ವೋರ್ಕು ದೆಸ್ತಾ. ಸಂತ ಮಿಕಾಯೇಲನ ದಿನ. ನನ್ನ ಚಪ್ಪಲಿ ಕಿತ್ತೋಗಿತ್ತು, ಬರಿಗಾಲಲ್ಲಿ ಕೂಗ್ದೆ. ಇಲ್ಲಿ ಅಹ್ಮೆದ್ ಯಾಸಿನ್, ಶುಕ್ರವಾರ. ನಾಯಿ ಅಟ್ಟಿಸ್ಕೊಂಡು ಬಂತು."

"ಯಾವ ಇಸವಿ, ಗಾಶೆ?"

"ಇಸವಿ ಯಾರಮ್ಮಾ ಕೂಗ್ತಾರೆ? ಹೆಸರು ಕೂಗ್ತೀವಿ, ಮನೆ ಕೂಗ್ತೀವಿ, ಎಲ್ಲಿ ಮಣ್ಣು ಅಂತ ಕೂಗ್ತೀವಿ. ಬೆಳಗಿನ ಜಾವ ಮುಸುಕು ಹೊದ್ದು ಮಲಗಿರೋನಿಗೆ ಇಸವಿ ಯಾಕೆ?"

ಅವರು ಹೇಳಿದ್ದು ಸರಿ ಅನ್ನಿಸಿತು. ಇಸವಿಯ ಸಾಲನ್ನು ಖಾಲಿ ಬಿಟ್ಟೆ. ನಿಜ ಹೇಳಬೇಕೆಂದರೆ ಹಗುರವೂ ಆಯಿತು.

ನಮ್ಮದೇ ಅಂಗಳದ ಬಾಗಿಲಿಗೆ ಬಂದಾಗ ಅವರು ದನಿ ತಗ್ಗಿಸಿದರು. "ಇಲ್ಲಿ ಅಸ್ಕಾಲೆ ವೊಂಡಿಮು. ಅವತ್ತು ನನಗೆ ಗಂಟಲು ಕಟ್ಟಿತ್ತು. ತಸ್ಸೌ ಇದೇ ಬಾಗಿಲಲ್ಲಿ ನಿಂತು, ಇನ್ನೂ ಗಟ್ಟಿಯಾಗಿ ಕೂಗು ಅಂದ." ಒಳಗಿನಿಂದ ಗಾಶೆ ತಸ್ಸೌ ಕೆಮ್ಮಿದ್ದು ಕೇಳಿಸಿತು. ಅವರಿಗೆ ಈ ಮಾತು ಕೇಳಿಸಿತೋ ಇಲ್ಲವೋ ಗೊತ್ತಿಲ್ಲ.

ಸುತ್ತಿ ಮುಗಿಸಿ ಕೋಣೆಗೆ ಬಂದು, ನೋಟ್‌ಬುಕ್ಕಿನಲ್ಲಿ ಮೊದಲೇ ಇದ್ದ ಈಚಿನವರನ್ನು ಬಿಟ್ಟು ಎಣಿಸಿದೆ. ಇನ್ನೂರ ಏಳು.

ಮತ್ತೆ ಎಣಿಸಿದೆ. ಇನ್ನೂರ ಏಳೇ. ಒಂದು ಕಡಿಮೆ ಬಂದಿದ್ದರೆ ಅರ್ಥವಾಗುತ್ತಿತ್ತು. ಹೆಚ್ಚು ಬಂದರೆ ಏನು ಮಾಡುವುದು? ಒಂದೇ ಹೆಸರನ್ನು ಎರಡು ಸಲ ಬರೆದೆನೇ ಎಂದು ನೋಡಿದೆ, ಇಲ್ಲ. ಗಾಶೆ ತಸ್ಸೌ ಅವರ ಲೆಕ್ಕವೇ ತಪ್ಪಿರಬಹುದು. ದಫ್ತರದಲ್ಲೇ ಒಬ್ಬರು ಬಿಟ್ಟುಹೋಗಿರಬಹುದು. ನೂರ್ಯೆ ಅವರನ್ನು ಕೇಳಿದರೆ, "ನಾನು ಕೂಗದೇ ಇರೋ ಹೆಸರು ನನ್ನ ಬಾಯಲ್ಲಿ ಬರಲ್ಲ," ಎಂದು ಸಿಟ್ಟಾದರು. ಗಾಶೆಗೆ ಓದಿ ಹೇಳುವ ಹಾಗಿಲ್ಲ. ಒಂದನ್ನು ಅಳಿಸಬೇಕು, ಸರಿ. ಯಾವುದನ್ನು? ಒಮ್ಮೆ ಅಳಿಸಿ ಈ ಗತಿಯಾಗಿದೆ. ಇನ್ನೂರ ಏಳನ್ನೂ ಟೈಪ್ ಮಾಡಿದೆ. ಅದನ್ನು ಪೆನ್‌ಡ್ರೈವಿನಲ್ಲಿಟ್ಟೆ, ಎರಡು ಸಲ ಮುದ್ರಿಸಿದೆ, ಒಂದು ಪ್ರತಿಯನ್ನು ಶಾಲೆಯ ಉಗ್ರಾಣದಲ್ಲಿ ಸುಣ್ಣದ ಡಬ್ಬಗಳ ಹಿಂದೆ ಇಟ್ಟೆ.

ಭಾನುವಾರ ಬೆಳಗ್ಗೆ, ಸೂರ್ಯ ಹುಟ್ಟಿದಾಗಿನಿಂದ ಎಣಿಸುವ ನಮ್ಮ ಲೆಕ್ಕದ ಮೂರು ಗಂಟೆಗೆ, ಅಂದರೆ ಕಂಪ್ಯೂಟರಿನ ಒಂಬತ್ತಕ್ಕೆ, ಡೇರೆ ತುಂಬಿತ್ತು. ನಾನು ನಿಂತು ಓದಿದೆ. ಪ್ರತಿ ಹೆಸರಿಗೂ ಜನ "ಆತ್ಮಕ್ಕೆ ಶಾಂತಿ" ಎನ್ನುತ್ತಿದ್ದರು. ಗಾಶೆ ತಸ್ಸೌ ಮುಂದಿನ ಬೆಂಚಿನಲ್ಲಿ ತಲೆ ಬಗ್ಗಿಸಿ, ಹೆಸರಿಗೊಂದರಂತೆ ಬೆರಳು ಮಡಚುತ್ತಿದ್ದರು. ಅಸ್ಕಾಲೆ ವೊಂಡಿಮು ಎಂದಾಗ ಆ ಬೆರಳು ಸ್ವಲ್ಪ ಹೊತ್ತು ನಿಂತು, ಆಮೇಲೆ ಮಡಚಿಕೊಂಡಿತು.

ಸುಮಾರು ನೂರೈವತ್ತು ಹೆಸರು ದಾಟಿರಬೇಕು.

"ಜೆರ್ಫೆ ಮೆಕೊನ್ನೆನ್," ಎಂದೆ.

"ಆತ್ಮಕ್ಕೆ..." ಎಂದು ಅರ್ಧ ಡೇರೆ ಶುರು ಮಾಡಿ ನಿಂತುಬಿಟ್ಟಿತು.

ಮೂರನೆಯ ಸಾಲಿನಿಂದ ಒಂದು ಹೆಂಗಸಿನ ದನಿ ಬಂತು. "ನನ್ನ ಆತ್ಮ ಇನ್ನೂ ಇಲ್ಲೇ ಬೆಂಚಿನ ಮೇಲಿದೆ. ಬೇರೆಯವರಿಗೆ ಶಾಂತಿ ಕೊಡ್ರಪ್ಪಾ."

ನಾನು ತಲೆಯೆತ್ತಿ ನೋಡಿದರೆ ಸರ್ಕಾಲೆಮ್ ಅಮ್ಮ. ಆರು ವರ್ಷದಿಂದ ಆಕೆಯನ್ನು ಮಗಳ ಹೆಸರು ಹಿಡಿದೇ ಎಲ್ಲರೂ ಕರೆಯುವುದನ್ನು ಕೇಳಿದ್ದೇನೆ. ಆಕೆಗೆ ಸ್ವಂತ ಹೆಸರೊಂದು ಇರಬಹುದೆಂದು ನನಗೆ ಹೊಳೆದೇ ಇರಲಿಲ್ಲ.

"ನೂರ್ಯೆ!" ಎಂದು ಯಾರೋ ಕೂಗಿದರು. "ಇದು ನಿನ್ನ ಕೆಲಸ!"

ನೂರ್ಯೆ ಎದ್ದು ನಿಂತರು. "ನಾನು ಕೂಗಿದ್ದು ನಿಜ. ಆಸ್ಪತ್ರೆಯಿಂದ ಸುದ್ದಿ ಬಂತು ಅಂತ ಹೇಳಿದ್ರು, ಕೂಗ್ದೆ. ಡೇರೇನೂ ಹಾಕಿದ್ವಿ. ಸಾಯಂಕಾಲ ಇವಳು ನಡ್ಕೊಂಡು ಬಂದು ನಮ್ಮ ಬೆಂಚಿನ ಮೇಲೇ ಕೂತು ಕಾಫಿ ಕುಡಿದ್ಲು. ಆಮೇಲೆ ಬದುಕಿದ್ರೆ ಅದಕ್ಕೆ ನಾನೇನ್ ಮಾಡ್ಲಿ? ವಾಪಸ್ ಕೂಗೋದು ಹೇಗೆ ಅಂತ ಯಾರೂ ಹೇಳಿಕೊಟ್ಟಿಲ್ಲ."

ಡೇರೆ ನಕ್ಕಿತು. ಗಾಶೆ ತಸ್ಸೌ ಮಡಚಿದ್ದ ಒಂದು ಬೆರಳನ್ನು ಬಿಡಿಸಿ, "ಇವಳು ದಫ್ತರದಲ್ಲೇ ಇರ್ಲಿಲ್ಲ!" ಎಂದರು. "ಇನ್ನೂರಾರು. ಓದು ಮಗಳೇ, ಮುಂದಕ್ಕೆ ಓದು." ಮಾತು ಬಿಟ್ಟ ಹನ್ನೊಂದು ದಿನದ ನಂತರ ಅವರು ನನ್ನನ್ನು ಮಗಳೇ ಎಂದದ್ದು.

ಸಭೆ ಮುಗಿದ ಮೇಲೆ ಅವರ ಮನೆಯಲ್ಲಿ ಕಾಫಿಯಾಯಿತು. ಸರ್ಕಾಲೆಮ್ ಅಮ್ಮ ಮೊದಲ ಸುತ್ತಿಗೇ ಕಪ್ಪು ಕೆಳಗಿಟ್ಟು, ನನ್ನನ್ನು ಕಂಪ್ಯೂಟರಿನ ಮುಂದೆ ಕೂರಿಸಿ, ಹಿಂದೆ ನಿಂತರು.

"ತೆಗಿ ನನ್ನನ್ನ ಅಲ್ಲಿಂದ."

ಹೆಸರು ಸಿಕ್ಕಿತು. ಅಳಿಸುವ ಗುಂಡಿಯ ಮೇಲೆ ಬೆರಳು ಹಿಡಿದು ಕೂತೆ. ಬೆರಳು ಇಳಿಯಲಿಲ್ಲ.

"ಎತೆತೆ," ಎಂದೆ, ಹಿರಿಯ ಹೆಂಗಸರನ್ನು ಗೌರವದಿಂದ ಕರೆಯುವ ಹಾಗೆ. "ಖಂಡಿತ ನೀವೇ ತಾನೆ? ಬೇರೆ ಜೆರ್ಫೆ ಮೆಕೊನ್ನೆನ್ ಯಾರೂ ಇಲ್ವಲ್ಲ?"

"ನಾನೇ ಕಣೇ."

"ಗಾಶೆ, ಅಳಿಸಲಾ?"

"ಬದುಕಿರೋಳು ನಿನ್ನ ಬೆನ್ನ ಹಿಂದೆ ನಿಂತಿದ್ದಾಳೆ, ಇನ್ನೇನು ಸಾಕ್ಷಿ ಬೇಕು? ಅಳಿಸು."

"ಒಂದು ನಕಲು ಇಟ್ಕೊಂಡು..."

"ನನ್ನ ಸಾವಿಗೆ ನಕಲು ಬೇರೆ ಕೇಡು! ಸರಿ ಅತ್ಲಾಗೆ," ಎಂದು ಸರ್ಕಾಲೆಮ್ ಅಮ್ಮ ನನ್ನ ಭುಜದ ಮೇಲಿಂದ ಕೈ ಚಾಚಿದರು. "ಯಾವುದು ಒತ್ತಬೇಕು? ಇದಾ?"

ಒತ್ತಿದರು. ಅಕ್ಷರಗಳು ಒಂದೊಂದಾಗಿ ಮಾಯವಾದವು. ಹೆಸರು ಪೂರ್ತಿ ಹೋದ ಮೇಲೂ ಆಕೆ ಬೆರಳು ಎತ್ತಲಿಲ್ಲ. ಮೇಲಿನ ಸಾಲಿನ ಅಹ್ಮೆದ್ ಯಾಸಿನ್ ಬಾಲದಿಂದ ಕರಗತೊಡಗಿದರು.

"ಸಾಕು ಎತೆತೆ, ಕೈ ತೆಗೀರಿ, ಕೈ!" ಎಂದು ಕಿರುಚಿ ಆಕೆಯ ಕೈ ಹಿಡಿದುಕೊಂಡೆ.

"ಓಹೋ, ರುಚಿ ಹತ್ತಿದ್ರೆ ನಿಲ್ಲಲ್ಲ ಇದು," ಎಂದರು ಆಕೆ, ಗಾಬರಿಯಾಗಿ ಬೆರಳನ್ನು ಹೊದ್ದಿದ್ದ ನೆಟೆಲಾದ ಸೆರಗಿಗೆ ಒರೆಸಿಕೊಳ್ಳುತ್ತ.

ಹೋದ ಅಕ್ಷರಗಳನ್ನು ನೋಟ್‌ಬುಕ್ಕು ನೋಡಿ ಮತ್ತೆ ತುಂಬಿದೆ. ಎಣಿಸಿದೆ. ಇನ್ನೂರೈದು ಬಂತು. ಇನ್ನೊಮ್ಮೆ, ಬೆರಳಿಟ್ಟು ಎಣಿಸಿದೆ. ಇನ್ನೂರಾರು.

"ಎಷ್ಟು?" ಎಂದರು ಗಾಶೆ.

"ಇನ್ನೂರಾರು," ಎಂದೆ.

ಮೂರನೆಯ ಸಲ ಎಣಿಸಲಿಲ್ಲ. ಕಾಫಿ ಆರಿಹೋಗುತ್ತಿತ್ತು.