ಅಂಕೋಲೆಯ ಚೆಕ್ಕು

ಯಾರಾದರೂ ಎದುರಾದಾಗ ಬೇರೆಯವರು ‘ಚಾ ಆಯ್ತಾ’ ಎಂದು ಕೇಳುವ ಕಡೆ ಮಾಬ್ಲೇಶ್ವರ ನಾಯಕರು ‘ಇವತ್ತು ಎಂತ ವಾರ?’ ಎಂದು ಕೇಳುತ್ತಿದ್ದರು. ವಾರ ಅವರಿಗೆ ತಿಳಿದಿರಲಿಲ್ಲವೆಂದಲ್ಲ. ಅಂಕೋಲೆಯಿಂದ ಕಾರವಾರಕ್ಕೆ ಹೋಗುವ ಬೆಳಗಿನ ಬಸ್ಸಿನಲ್ಲಿ ಅವರಷ್ಟು ಖಚಿತವಾಗಿ ವಾರ, ತಾರೀಕು, ಬ್ಯಾಂಕಿನ ರಜೆಗಳನ್ನು ತಿಳಿದವರು ಇನ್ನೊಬ್ಬರಿರಲಿಲ್ಲ. ತಾವು ಎಣಿಸಿಕೊಂಡ ದಿನವೂ ಲೋಕದ ದಿನವೂ ಒಂದೇ ಎಂಬುದನ್ನು ಇನ್ನೊಬ್ಬರ ಬಾಯಿಂದ ಕೇಳಿದರೆ ಅವರಿಗೊಂದು ನೆಮ್ಮದಿ. ಕಾರವಾರದ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದ ನಾನು ಅವರ ಪಕ್ಕದ ಸೀಟಿನ ಖಾಯಂ ಪ್ರಯಾಣಿಕ. ‘ಗುರುವಾರ’ ಎಂದು ನಾನು ಹೇಳಿದರೆ, ‘ಹಂಗಾರೆ ಅಡ್ಡಿಲ್ಲ’ ಎಂದು ಕಣ್ಣು ಮುಚ್ಚಿ ಸೀಟಿಗೆ ಒರಗುತ್ತಿದ್ದರು. ‘ಶುಕ್ರವಾರ’ ಎಂದರೆ, ನಾಳೆ ಬ್ಯಾಂಕು ಅರ್ಧ ದಿನವಷ್ಟೇ ಎಂಬ ಲೆಕ್ಕದಲ್ಲಿ ಮುಳುಗಿ, ಕಾರವಾರದ ಅಂಚಿನ ಬಿಣಗಾ ದಾಟುವ ತನಕ ಮಾತಿಲ್ಲ.

ಬೊಬ್ರುವಾಡದ ಮನೆಯಿಂದ ಬಸ್ ನಿಲ್ದಾಣದವರೆಗೆ ಅವರು ನಡೆದೇ ಬರುತ್ತಿದ್ದರು, ಹಿಂದಿನಿಂದ ಯಾರೋ ಮೆಲ್ಲನೆ ನೂಕುತ್ತಿರುವಂತೆ ಎದೆಯನ್ನು ಮುಂದಕ್ಕೆ ಬಾಗಿಸಿ, ಒಂದು ಕೈಯಿಂದ ಕಂದು ಉಣ್ಣೆಯ ಕೋಟಿನ ಒಳಜೇಬನ್ನು ಅದುಮಿಕೊಂಡು. ಬೆವರಿನ ನಾಡಾದ ನಮ್ಮ ಕರಾವಳಿಯಲ್ಲಿ ಉಣ್ಣೆಯ ಕೋಟು ತೊಡುವವರು ಹುಚ್ಚರು ಇಲ್ಲವೆ ಜ್ವರದವರು. ನಾಯಕರಿಗೆ ಮಾತ್ರ ಅದಕ್ಕೊಂದು ಕಾರಣವಿತ್ತು: ಕಾರವಾರದ ಬೈತಖೋಲ ಬಂದರಿನಲ್ಲಿ ಅವರದೊಂದು ಐಸ್ ಫ್ಯಾಕ್ಟರಿ. ಒಳಗಿನ ಥಂಡಿಗೆಂದು ಹಾಕಿಕೊಂಡ ಕೋಟನ್ನು ಹೊರಗಿನ ಬಿಸಿಲಲ್ಲಿ ಕಳಚುವ ವ್ಯವಧಾನ ಅವರಿಗೆ ಎಂದೂ ದೊರೆಯಲಿಲ್ಲ. ಅವರು ಬಸ್ಸಿನಿಂದಿಳಿದ ಮೇಲೂ ಸೀಟಿನ ಸುತ್ತ ಅಮೋನಿಯಾದ ತೀಕ್ಷ್ಣ ವಾಸನೆ ಸ್ವಲ್ಪ ಹೊತ್ತು ಉಳಿದಿರುತ್ತಿತ್ತು.

ಟ್ರಾಲರುಗಳು ಕಡಲಿಗಿಳಿಯುವ ತಿಂಗಳುಗಳಲ್ಲಿ ಐಸಿಗೆ ಬೇಡಿಕೆ, ಕೈತುಂಬ ಹಣ. ಮಳೆಗಾಲದಲ್ಲಿ ಮೀನುಗಾರಿಕೆ ನಿಂತಾಗ ಬರುವ ಹಣವಷ್ಟೇ ನಿಲ್ಲುತ್ತಿತ್ತು, ಕರೆಂಟಿನ ಬಿಲ್ಲು ನಿಲ್ಲುತ್ತಿರಲಿಲ್ಲ. ಉಳಿದ ಮಾಲಕರು ಆಗ ಆಳುಗಳನ್ನು ಊರಿಗೆ ಕಳಿಸಿಬಿಡುತ್ತಿದ್ದರು. ನಾಯಕರು ಮಳೆಗಾಲದಲ್ಲೂ ಅವರ ಸಂಬಳ ನಿಲ್ಲಿಸಲಿಲ್ಲ. ಇದಕ್ಕಾಗಿ ಅವರು ಕಾರವಾರದ ಬ್ಯಾಂಕಿನಲ್ಲಿ ಓಡಿ, ಅಂದರೆ ಓವರ್‌ಡ್ರಾಫ್ಟ್, ಖಾತೆ ಇಟ್ಟಿದ್ದರು. ಖಾತೆ ಬರಿದಾದಾಗಲೂ ಒಂದು ಮಿತಿಯವರೆಗೆ ಹಣ ತೆಗೆಯುವ ಸೌಕರ್ಯ ಅದು. ಮಿತಿ ದಾಟಿದರೆ ದಂಡ, ಚೆಕ್ಕು ವಾಪಸಾದರೆ ಮತ್ತೊಂದು ದಂಡ. ಅದೇ ಬ್ಯಾಂಕಿನ ಅಂಕೋಲೆ ಶಾಖೆಯಲ್ಲಿ ಅವರದು ಇನ್ನೊಂದು ಖಾತೆ. ಅಂಕೋಲೆಯ ಚೆಕ್ಕನ್ನು ಕಾರವಾರದಲ್ಲಿ ಯಾರಿಗಾದರೂ ಕೊಟ್ಟರೆ ಅದು ಟಪಾಲಿನ ಚೀಲದಲ್ಲಿ ಕುಳಿತು ಊರಿಗೆ ಮರಳಿ ಪಾಸಾಗಲು ಕೆಲವು ದಿನ ಹಿಡಿಯುತ್ತಿತ್ತು. ಆ ಸಂದಿನಲ್ಲಿ ಬೋಟಿನವರ ಬಾಕಿ ವಸೂಲು ಮಾಡಿಯೋ, ಒಡವೆ ಅಡವಿಟ್ಟೋ ಹಣ ತುಂಬಿಬಿಟ್ಟರೆ ಚೆಕ್ಕಿಗೂ ಮಾನ, ಕೊಟ್ಟವನಿಗೂ ಮಾನ. ನಾಯಕರ ಜೀವನವೆಲ್ಲ ಆ ಸಂದಿನಲ್ಲೇ ನಡೆದಿತ್ತು.

“ಬಡ್ಡಿ ಕೊಡೂಕೆ ನಂಗೆ ಬೇಜಾರಿಲ್ಲ ಮಾಸ್ತರ್ರೇ, ಅದು ದುಡ್ಡಿನ ಬಾಡಿಗೆ,” ಎಂದು ಒಮ್ಮೆ ಹೇಳಿದ್ದರು. “ದಂಡ ಅಂದ್ರೆ ಹಂಗಲ್ಲ. ಅದು ನಾಲ್ಕು ಜನರೆದ್ರು ಕೆನ್ನೆಗೆ ಹೊಡೆದ ಹಾಗೆ.”

ಅವರ ತಾಯಿ ತೀರಿಕೊಂಡದ್ದು ಒಂದು ಕೆಲಸದ ದಿನದ ಮುಂಜಾನೆ. ಕರೆಂಟ್ ಬಿಲ್ಲಿನ ಚೆಕ್ಕು ಅಂದೇ ಬ್ಯಾಂಕಿಗೆ ಬರುವುದಿತ್ತು, ಖಾತೆಯಲ್ಲಿ ಹಣ ಸಾಲದು. ಬಂಧುಗಳು ಕಟ್ಟಿಗೆ ಒಟ್ಟಿ ಕಾಯುತ್ತಿದ್ದಾಗ ಚಿತೆಗೆ ಬೆಂಕಿ ಇಡಬೇಕಾದ ಹಿರಿಮಗ ಕೋಟು ತೊಟ್ಟು ಕಾರವಾರದ ಬಸ್ಸು ಹತ್ತಿದ್ದರು. ಕೌಂಟರು ಮುಚ್ಚುವ ಮೊದಲು ಹಣ ಕಟ್ಟಿ, ಮರಳಿ ಬಂದು, ಬಿಸಿಲು ಇಳಿಯುವ ಹೊತ್ತಿಗೆ ಸಂಸ್ಕಾರ ಮಾಡಿದರು. ‘ಹೆಣಕ್ಕಿಂತ ಬ್ಯಾಂಕು ದೊಡ್ಡದಾಯ್ತು’ ಎಂಬ ಮಾತು ಬೊಬ್ರುವಾಡದಲ್ಲಿ ಹುಟ್ಟಿಕೊಂಡಿತು. ಮರುವಾರ ಬಸ್ಸಿನಲ್ಲಿ ನಾನು ಮೆಲ್ಲನೆ ಕೇಳಿದಾಗ ಕಿಟಕಿಯಾಚೆ ನೋಡುತ್ತ ಹೇಳಿದರು: “ಅಬ್ಬೆ ಕಾಯ್ತಿತ್ತು ಮಾಸ್ತರ್ರೇ. ಬ್ಯಾಂಕು ಕಾಯೂದಿಲ್ಲ.” ಆ ದಿನ ತಮ್ಮನ ಹತ್ತಿರವೋ ಭಾವನ ಹತ್ತಿರವೋ ಒಂದು ಮಾತು ಹೇಳಿದ್ದರೆ ಯಾರಾದರೂ ಹೋಗಿ ಹಣ ಕಟ್ಟಿ ಬರುತ್ತಿದ್ದರು. ಅದನ್ನು ಅವರು ಯೋಚಿಸಿಯೂ ಇರಲಿಲ್ಲ.

ಎರಡು ಸಾವಿರದ ಆರರ ಮಳೆಗಾಲದಲ್ಲಿ ಫ್ಯಾಕ್ಟರಿಯ ಹಳೆಯ ಆಳು ಜಟ್ಟುವಿನ ಹೊಟ್ಟೆನೋವು ಹೆಚ್ಚಾಯಿತು. ರಾಮನಗುಳಿಯ ಕಡೆಯ ಜಟ್ಟು ವರ್ಷಗಟ್ಟಲೆ ಐಸಿನ ಗಡ್ಡೆಗಳನ್ನೆತ್ತಿ ಹರ್ನಿಯಾ ತಂದುಕೊಂಡಿದ್ದ. ಅದನ್ನು ಯಾರಿಗೂ ಹೇಳದೆ ಸೊಂಟಕ್ಕೊಂದು ಪಂಚೆ ಬಿಗಿದುಕೊಂಡು ದುಡಿಯುತ್ತಿದ್ದ. ನಾಯಕರೇ ಅವನನ್ನು ಕಾರವಾರದ ಖಾಸಗಿ ಆಸ್ಪತ್ರೆಯೊಂದಕ್ಕೆ ಸೇರಿಸಿದರು. ಸೋಮವಾರ ಶಸ್ತ್ರಚಿಕಿತ್ಸೆ ಎಂದಾಯಿತು. ಮುಂಗಡವೆಂದು ನಾಯಕರು ಶುಕ್ರವಾರ ಬೆಳಿಗ್ಗೆ ಅಂಕೋಲೆಯ ಚೆಕ್ಕು ಬರೆದುಕೊಟ್ಟರು. ಖಾತೆಯಲ್ಲಿ ಹಣವಿರಲಿಲ್ಲ, ಓಡಿಯ ಮಿತಿಯೂ ಮುಗಿದಿತ್ತು. ಹೆಂಡತಿ ಗಂಗೂ ತನ್ನ ಬಳೆಗಳನ್ನು ಕಳಚಿಕೊಟ್ಟಿದ್ದಳು; ಅವನ್ನು ಸೊಸೈಟಿಯಲ್ಲಿ ಅಡವಿಟ್ಟರೆ ಸೋಮವಾರ ಹಣ ಕೈಗೆ ಬರುವುದಿತ್ತು. ಚೆಕ್ಕು ಅಂಕೋಲೆ ತಲುಪುವುದು ಅದಕ್ಕಿಂತ ತಡವಾಗಿ.

ಬ್ಯಾಂಕಿನ ಶಾಖೆಗಳೆಲ್ಲ ಕಂಪ್ಯೂಟರಿನಲ್ಲಿ ಒಂದಾಗುತ್ತವೆ ಎಂಬ ಮಾತು ಬಹಳ ದಿನಗಳಿಂದ ಕೇಳಿಬರುತ್ತಿತ್ತು. ಮ್ಯಾನೇಜರು ನಾಯಕರನ್ನು ಕೂರಿಸಿಕೊಂಡು ಎಚ್ಚರಿಸಿಯೂ ಇದ್ದರು. ಆದರೆ ಅದು ಪ್ರತಿ ಸಲ ಮುಂದೆ ಹೋಗುತ್ತಿತ್ತು; ಮಳೆಗೆ ಟೆಲಿಫೋನು ತಂತಿಯೇ ನಿಲ್ಲದ ಊರಿನಲ್ಲಿ ಅದು ಈ ವರ್ಷ ಆಗುತ್ತದೆಂದು ಯಾರೂ ನಂಬಿರಲಿಲ್ಲ. ಆ ವಾರ ಅದು ಆಗಿಬಿಟ್ಟಿತ್ತು. ಆಸ್ಪತ್ರೆಯವರು ಕಾರವಾರದ ಶಾಖೆಯಲ್ಲಿ ಚೆಕ್ಕು ಹಾಕಿದ ದಿನವೇ ಅಂಕೋಲೆಯ ಬರಿದಾದ ಖಾತೆ ಅಲ್ಲಿನ ಪರದೆಯ ಮೇಲೆ ಮೂಡಿತು. ಶನಿವಾರ ಚೆಕ್ಕು ವಾಪಸು ಬಂತು.

ಮುಂದಿನದನ್ನು ನನಗೆ ಹೇಳಿದವಳು ಜಟ್ಟುವಿನ ಹೆಂಡತಿ ಮಾದೇವಿ. ಆಸ್ಪತ್ರೆಯ ಹೆಂಗಸೊಬ್ಬಳು ವಾರ್ಡಿಗೆ ಬಂದು ಎಲ್ಲರಿಗೂ ಕೇಳುವಂತೆ, “ನಿಮ್ಮ ಚೆಕ್ ಪಾಸಾಗ್ಲಿಲ್ಲ, ಬೇರೆ ವ್ಯವಸ್ಥೆ ಮಾಡಿ,” ಎಂದಳಂತೆ. ಜಟ್ಟು ಎದ್ದು ಕೂತು, “ನಮ್ಮ ಒಡಿಯರ ಚೆಕ್ ವಾಪಸ್ ಬರೂದಿಲ್ಲ ಅಕ್ಕಾ, ಸರೀ ನೋಡಿ,” ಎಂದನಂತೆ. ನೋಡಿಯೇ ಹೇಳಿದ್ದು ಎಂದಳು ಅವಳು. ಜಟ್ಟು ಅಂಗಿ ಹಾಕಿಕೊಂಡ. ಯಾರೂ ಅವನನ್ನು ಹೊರಗೆ ಕಳಿಸಲಿಲ್ಲ. ಡಾಕ್ಟರು ತಡೆದರೂ ಕೇಳದೆ ಅವನೇ ಊರಿಗೆ ಹೊರಟುಹೋದ. ತನ್ನಿಂದಾಗಿ ಒಡೆಯರ ಹೆಸರು ಹೀಗೆ ವಾರ್ಡಿನ ತುಂಬ ಕೂಗಿಸಿಕೊಂಡಿತಲ್ಲ ಎಂಬುದೊಂದೇ ಅವನ ಸಂಕಟ.

ಸೋಮವಾರ ಹಣ ಬಂತು. ಜಟ್ಟು ಊರಿಗೆ ಹೋದನೆಂದು ಆಸ್ಪತ್ರೆಯಲ್ಲಿ ತಿಳಿದ ನಾಯಕರು ಜೀಪು ಮಾಡಿಕೊಂಡು ಸುರಿಯುವ ಮಳೆಯಲ್ಲಿ ರಾಮನಗುಳಿಗೆ ಹೋದರು. ಜಟ್ಟು ಜಗಲಿಯಲ್ಲಿ ಮಲಗಿದ್ದ. “ಈಗ ನೋವಿಲ್ಲ ಒಡಿಯಾ,” ಎಂದ. “ಮಳೆ ಕಡಿಮೆ ಆಗ್ಲಿ, ನಾನೇ ಬತ್ತೆ.” ನಾಯಕರು ಬೈದರು, ಕೈ ಹಿಡಿದು ಎಳೆದರು, ಕೊನೆಗೆ ಅವನ ಕಾಲಬುಡದಲ್ಲಿ ಕೂತರು. ಅವನು ಬರಲಿಲ್ಲ. ಆ ವಾರ ಕಳೆಯುವುದರೊಳಗೆ ಕರುಳು ಸಿಕ್ಕಿಕೊಂಡು ಹೊಟ್ಟೆ ಕಲ್ಲಿನಂತಾಯಿತು. ನೆರೆಯವರು ಹೊತ್ತು ತಂದು ಅಂಕೋಲೆಯ ಕಡೆ ಹೊರಟರು; ಜಟ್ಟು ದಾರಿಯಲ್ಲೇ ಹೋದ.

ಉತ್ತರಕ್ರಿಯೆಗಳು ಮುಗಿದ ಮೇಲೆ ನಾಯಕರು ಜಟ್ಟುವಿನ ಮನೆಗೆ ಒಬ್ಬರೇ ಹೋಗಲಾರದೆ ನನ್ನನ್ನು ಕರೆದುಕೊಂಡು ಹೋದರು. ಮಾದೇವಿ ನಮಗೆ ಚಾಪೆ ಹಾಕಿ, ತಾನು ಬಾಗಿಲ ಬಳಿ ಕೂತು ನಡೆದದ್ದೆಲ್ಲ ಹೇಳಿದಳು. ನಾಯಕರು ಕೋಟಿನ ಜೇಬಿನಿಂದ ಹಣ ತೆಗೆದು ನೆಲದ ಮೇಲಿಟ್ಟರು. ಅವಳು ಅದನ್ನು ನೋಡಲಿಲ್ಲ.

“ನಿಮ್ಮ ತಪ್ಪು ಅಂತ ನಾ ಹೇಳೂದಿಲ್ಲ ಒಡಿಯಾ,” ಎಂದಳು. “ಮಳೆಗಾಲದಲ್ಲಿ ನಮ್ಮನ್ನ ಸಾಕಿದವ್ರು ನೀವು. ಆದ್ರೆ ಈಗ ದುಡ್ಡಿಲ್ಲ ಮಾದೇವಿ ಅಂತ ಒಂದ್ ಮಾತು ಹೇಳಿದ್ರೆ, ನಾನು ಎಮ್ಮೆ ಮಾರ್ತಿದ್ದೆ. ಕೊಟ್ಟಿಗೇಲಿ ಎಮ್ಮೆ ಇತ್ತು.”

ಕೊಟ್ಟಿಗೆಯಲ್ಲಿ ಎಮ್ಮೆ ಆಗಲೂ ಇತ್ತು, ಮೆಲುಕು ಹಾಕುತ್ತ. ಮರಳಿ ಬರುವಾಗ ದಾರಿಯುದ್ದಕ್ಕೂ ಗಂಗಾವಳಿ ಹೊಳೆ ಕೆಂಪಾಗಿ ತುಂಬಿ ಹರಿಯುತ್ತಿತ್ತು.

ಮುಂದಿನ ಹಂಗಾಮಿಗೆ ಫ್ಯಾಕ್ಟರಿ ಬೇರೊಬ್ಬರ ಪಾಲಾಯಿತು. ಬಂದ ಹಣದಲ್ಲಿ ಬ್ಯಾಂಕಿನದು ತೀರಿತು, ಆಳುಗಳಿಗೆ ಸಲ್ಲಬೇಕಾದದ್ದು ಸಂದಿತು. ನಾಯಕರು ಕಾರವಾರದ ಬಸ್ಸು ಹತ್ತುವುದನ್ನು ಬಿಟ್ಟರು. ಅವರ ಹಣವನ್ನು ಮಾದೇವಿ ಕೊನೆಗೂ ಮುಟ್ಟಲಿಲ್ಲ. ಗಂಗೂ ಹೋಗಿ ಅವಳ ಜೊತೆ ಒಂದು ದಿನ ಕಳೆದು ಬಂದ ಮೇಲೆ, ಮಾದೇವಿ ತನ್ನ ಮಗಳ ಮದುವೆಗೆಂದು, ಅಡವಿನಿಂದ ಬಿಡಿಸಿ ತಂದ ಗಂಗೂವಿನ ಬಳೆಗಳನ್ನು ಮಾತ್ರ ಒಪ್ಪಿಕೊಂಡಳು.

ನಮ್ಮ ಕರಾವಳಿಯ ಒಂದೊಂದು ಊರಿನಲ್ಲೂ ಇಂಥವರಿದ್ದಾರೆ. ಮೋಸವರಿಯದವರು, ಕೊಟ್ಟ ಮಾತಿಗಾಗಿ ಮೈಮನಗಳನ್ನು ಸವೆಸುವವರು, ಆಶ್ರಯಿಸಿದವರ ಭಾರ ಹೊರುವುದು ಧರ್ಮವೆಂದೂ ಆ ಭಾರ ಹೆಚ್ಚಾಯಿತೆಂದು ಹೇಳಿಕೊಳ್ಳುವುದು ಅವಮಾನವೆಂದೂ ತಿಳಿದವರು. ಲೋಕ ಅವರನ್ನು ಮರ್ಯಾದಸ್ಥರೆನ್ನುತ್ತದೆ, ಅದು ಸುಳ್ಳಲ್ಲ. ಆದರೆ ಕೊಡುವ ಕೈ ಬರಿದಾಗಿದೆ ಎಂದು ತಿಳಿಯುವ ಹಕ್ಕು ಆ ಕೈಯನ್ನು ನಂಬಿದವನಿಗೂ ಇದೆ ಎಂಬುದು ಅವರಿಗೆ ಬೇಗ ಹೊಳೆಯುವುದಿಲ್ಲ. ಹೊಳೆಯುವ ಹೊತ್ತಿಗೆ ಅವರು ಯಾರದೋ ಮನೆಯ ಜಗಲಿಯಲ್ಲಿ, ಯಾರಿಗೂ ಬೇಡವಾದ ಹಣವನ್ನು ಎದುರಿಗಿಟ್ಟುಕೊಂಡು ಕುಳಿತಿರುತ್ತಾರೆ.