ಪುತಳಾಬಾಯಿ ಮತ್ತೆ ಮತ್ತೆ ಹೋದ ಊರು

ಎದುರಿನವರ ಮಾತು ಮುಗಿದ ಮೇಲೂ ಎರಡು ಕ್ಷಣ ಸುಮ್ಮನೆ ಕಾಯುವುದು ಪುತಳಾಬಾಯಿಯವರ ಅಭ್ಯಾಸವಾಗಿತ್ತು. ತಲೆಯನ್ನು ಎಡಕ್ಕೆ ತುಸುವೇ ವಾಲಿಸಿ, ದೃಷ್ಟಿಯನ್ನು ನೆಲಕ್ಕಿಳಿಸಿ, ತಂತಿಯ ಆ ತುದಿಯಿಂದ ಇನ್ನೂ ಏನಾದರೂ ಬರುವುದಿದೆಯೇನೋ ಎಂಬಂತೆ ಕಾದು, ಆಮೇಲಷ್ಟೇ ಅವರು ತುಟಿ ತೆರೆಯುತ್ತಿದ್ದರು. ಹೊಸಬರು ಇದನ್ನು ಕಿವುಡೆಂದೋ ಬಿಂಕವೆಂದೋ ತಿಳಿದು ಗಲಿಬಿಲಿಗೊಳ್ಳುತ್ತಿದ್ದರು. ಆ ಗಲಿಬಿಲಿಯಲ್ಲಿ, ಹೇಳಬಾರದೆಂದುಕೊಂಡಿದ್ದ ನಿಜವನ್ನು ತಾವಾಗಿಯೇ ಹೇಳಿಬಿಡುತ್ತಿದ್ದರು. ನಾನೂ ಹಾಗೆ ಎಷ್ಟೋ ಸಲ ಸಿಕ್ಕಿಬಿದ್ದವನೇ.

ಈ ಅಭ್ಯಾಸ ಅವರಿಗೆ ಅಂಟಿದ್ದು ಕಮಲಾಪುರದ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ. ಎಂಬತ್ತರ ದಶಕದಲ್ಲಿ ಅದೊಂದು ತಗಡಿನ ಮಾಡಿನ ಕೋಣೆ. ಒಳಗೆ ಗೋಡೆಗಾನಿಸಿದ ಬೋರ್ಡು, ಅದರ ತುಂಬ ತೂತುಗಳು, ತೂತಿನಿಂದ ತೂತಿಗೆ ಹೋಗುವ ವೈರುಗಳು, ಅವುಗಳ ಮುಂದೆ ತಲೆಗೆ ಹೆಡ್‌ಫೋನಿನ ಕಬ್ಬಿಣದ ಕಮಾನು ತೊಟ್ಟು ಕುಳಿತ ಪುತಳಾಬಾಯಿ. ಊರ ಹೊರಗಿನ ಕೇರಿಯಿಂದ ಮ್ಯಾಟ್ರಿಕ್ ಪಾಸಾದ ಮೊದಲ ಹೆಣ್ಣುಮಗಳು ಅವರು. ತಂದೆ ಪರರ ಹೊಲದಲ್ಲಿ ದುಡಿದವರು. ಫೋನು ಇದ್ದ ಐವತ್ತು ಅರವತ್ತು ಮನೆಗಳಿಗೂ ಅವರ ದನಿ ಗೊತ್ತಿತ್ತು, ಮುಖ ಗೊತ್ತಿದ್ದದ್ದು ಕೆಲವರಿಗೆ ಮಾತ್ರ. ಕಲಬುರಗಿಯ ನೆಹರು ಗಂಜಿನಲ್ಲಿ ಅಡತಿ ಅಂಗಡಿಯಿಟ್ಟು, ಮನೆಯನ್ನು ಕಮಲಾಪುರದಲ್ಲೇ ಉಳಿಸಿಕೊಂಡಿದ್ದ ನನ್ನ ತಂದೆ ಹಣಮಂತರಾಯರು ಮುಂಜಾನೆ ಸಂಧ್ಯಾವಂದನೆ ಮುಗಿಸಿದವರೇ ತೊಗರಿಯ ಧಾರಣೆ ತಿಳಿಯಲು ಫೋನೆತ್ತಿ, ‘ತಾಯೀ, ಜರಾ ಲಗೂ ಲೈನ್ ಕೊಡವಾ’ ಎಂದು ಬೇಡುತ್ತಿದ್ದುದನ್ನು ಕೇಳುತ್ತಲೇ ನಾನು ಕಾಲೇಜಿಗೆ ಹೊರಡುತ್ತಿದ್ದೆ. ಊರಿನ ಲಗ್ನ, ಜಗಳ, ವ್ಯಾಪಾರ, ಸಾವುಗಳೆಲ್ಲ ಆ ಕಿವಿಯನ್ನು ಹಾದೇ ಹೋಗುತ್ತಿದ್ದರೂ ಒಂದಕ್ಷರವೂ ಆ ಬಾಯಿಂದ ಹೊರಗೆ ಬಂದದ್ದಿಲ್ಲ. ಎಷ್ಟೋ ವರ್ಷಗಳ ಮೇಲೆ ನಾನೇ ಕೆದಕಿ ಕೇಳಿದಾಗಲೂ, ಅದು ಅವರವರ ಮಾತು ಎಂದಷ್ಟೇ ಹೇಳಿ ಬೇರೆ ಸುದ್ದಿ ತೆಗೆದಿದ್ದರು.

ಅವರ ಪಾಲಿನ ಮಾತುಗಳನ್ನೂ ಸೇರಿಸಿ ಆಡುತ್ತಿದ್ದವನು ಗಂಡ ಮಾಪಣ್ಣ. ಅದೇ ಇಲಾಖೆಯಲ್ಲಿ ಲೈನ್‌ಮನ್. ಕಂಬ ಹತ್ತಿ ನಿಂತೇ ಕೆಳಗಿನವರೊಡನೆ ಅರ್ಧ ತಾಸು ಹರಟಬಲ್ಲ ಮನುಷ್ಯ.

ತೊಂಬತ್ತರ ದಶಕದಲ್ಲಿ ಕಮಲಾಪುರಕ್ಕೆ ತಾನೇ ಸಂಪರ್ಕ ಜೋಡಿಸಿಕೊಳ್ಳುವ ಯಂತ್ರ ಬಂತು. ಬೋರ್ಡನ್ನು ಕಳಚಿ ಲಾರಿಗೆ ಹಾಕಿದರು. ಪುತಳಾಬಾಯಿಯವರನ್ನು ಕಲಬುರಗಿಯ ಕಚೇರಿಗೆ ವರ್ಗ ಮಾಡಿ, ಯಾರೂ ಏನೂ ವಿಚಾರಿಸದ ವಿಚಾರಣೆಯ ಮೇಜಿನ ಮುಂದೆ ಕೂರಿಸಿದರು. ೨೦೦೧ರಲ್ಲಿ ಅವರು ತಾವಾಗಿಯೇ ನಿವೃತ್ತಿ ಕೇಳಿ ಪಡೆದರು.

ಅಷ್ಟರಲ್ಲಿ ನಾವೂ ಕಲಬುರಗಿಗೆ ಬಂದು ನೆಲೆಸಿದ್ದೆವು. ಜೇವರ್ಗಿ ಕಾಲೋನಿಯ ನಮ್ಮ ಮನೆಯ ಮುಂಭಾಗದಲ್ಲಿ ನಾನು ಐದು ಕಂಪ್ಯೂಟರುಗಳ ಒಂದು ಕೇಂದ್ರ ನಡೆಸುತ್ತಿದ್ದೆ. ಮುಂಜಾನೆ ಟೈಪಿಂಗ್ ತರಗತಿ, ಮಧ್ಯಾಹ್ನವಾದರೆ ಹುಡುಗರ ಆಟ. ಮರುವರ್ಷ ಬೇಸಿಗೆಯ ಒಂದು ದಿನ, ಗಂಡಸರ ಕೈಗಡಿಯಾರವನ್ನು ಬಲಗೈಗೆ ಕಟ್ಟಿದ್ದ, ನಡುವಯಸ್ಸಿನ, ಎತ್ತರದ ಹೆಂಗಸೊಬ್ಬರು ಕಂಕುಳಲ್ಲಿ ಖಾಕಿ ಬಟ್ಟೆಯ ದಿಂಬಿಟ್ಟುಕೊಂಡು ಒಳಗೆ ಬಂದರು. ನಮಸ್ಕಾರ ಎಂದ ದನಿಯಲ್ಲೇ ಪುತಳಾಬಾಯಿಯೆಂದು ಗುರುತು ಹತ್ತಿ ನಾನು ಎದ್ದು ನಿಂತೆ. ಏನು ಕಲಿಯಬೇಕೆಂದು ಕೇಳಿದ್ದಕ್ಕೆ, ಎರಡು ಕ್ಷಣ ಬಿಟ್ಟು, “ನನ್ನ ಕುರ್ಚಿ ಯಾರಿಗಿ ಕೊಟ್ಟಾರಂತ ನೋಡಾಕ ಬಂದೀನ್ರಿ ಸರ್” ಎಂದರು. ಬಳಿಕ ಆ ಖಾಕಿ ದಿಂಬನ್ನು ನನ್ನ ಪ್ಲಾಸ್ಟಿಕ್ ಕುರ್ಚಿಯ ಮೇಲಿಟ್ಟು, ಕಂಪ್ಯೂಟರಿನ ಮುಂದೆ, ಅಳಿಯನ ಮನೆಗೆ ಬಂದ ಅತ್ತೆಯಂತೆ, ಬಿಗಿದು ಕುಳಿತರು.

ಟೈಪಿಂಗ್ ಒಂದು ವಾರದಲ್ಲಿ ಬಂತು. ಆದರೆ ಅವರ ಕಣ್ಣು ಪಕ್ಕದ ಪರದೆಯ ಮೇಲಿತ್ತು. ಅಲ್ಲಿ ಮೋಮಿನಪುರದ ವಹಾಬ್, ಇಂಜಿನಿಯರಿಂಗ್ ಓದುತ್ತಿದ್ದ ಚುರುಕು ತರುಣ, ನಾವು ‘ದ್ವೀಪ’ ಎಂದು ಕರೆಯುತ್ತಿದ್ದ ಆಟವನ್ನು ಆಡುತ್ತಿದ್ದ. ಅದರೊಳಗೊಂದು ಇಡೀ ದ್ವೀಪವಿತ್ತು: ಊರು, ಕಾಡು, ಗುಹೆ, ಬಂದರು. ಇಂಥ ದಾರಿಯಲ್ಲೇ ಹೋಗಬೇಕೆಂಬ ಕಟ್ಟಳೆಯಿಲ್ಲ. ದುಷ್ಟರಾಜನನ್ನು ಗೆಲ್ಲುವ ಕಥೆಯೊಂದಿತ್ತು ನಿಜ, ಅದನ್ನು ಕೈಗೆತ್ತಿಕೊಂಡರೂ ಸರಿ, ಬಿಟ್ಟು ತಿರುಗಿದರೂ ಸರಿ. ವಹಾಬ್ ಒಂಬತ್ತೇ ದಿನದಲ್ಲಿ ರಾಜನನ್ನು ಕೊಂದು, ಸಿಕ್ಕ ನಿಧಿಯನ್ನೆಲ್ಲ ಬಾಚಿ, ಹತ್ತನೆಯ ದಿನ ಆಕಳಿಸತೊಡಗಿದ. ಎಲ್ಲಾ ಖತಂ, ಇನ್ನು ಅದರಲ್ಲಿ ಏನೂ ಇಲ್ಲ ಎಂದ. ಆ ಊರಲ್ಲಿ ಯಾರ‍್ಯಾರಿದ್ದರು ಎಂದು ಪುತಳಾಬಾಯಿ ಕೇಳಿದರೆ ಅವನಿಗೆ ಒಂದು ಹೆಸರೂ ನೆನಪಿರಲಿಲ್ಲ.

ಮರುದಿನ ಆ ಕುರ್ಚಿಯಲ್ಲಿ ಪುತಳಾಬಾಯಿ ಕುಳಿತರು. ಆಟ ಮೊದಲಿಗೆ ಕೇಳುತ್ತಿದ್ದದ್ದು, ನೀನು ಯಾವ ಕುಲದವನಾಗಿ ಹುಟ್ಟುವೆ ಎಂದು. ಅಂಥ ಎಂಟು ಕುಲಗಳಿದ್ದವು. ಟೆಲಿಫೋನಿನ ಇಂಗ್ಲಿಷಿಗೆ ನಿಘಂಟನ್ನು ಜೋಡಿಸಿಕೊಂಡು ಎಂಟನ್ನೂ ಓದಿ, ಅವರು ಕೆಸರುನಾಡಿನವರ ಕುಲವನ್ನು ಆರಿಸಿದರು. ಹಸಿರುಗಪ್ಪು ಚರ್ಮ, ಕುತ್ತಿಗೆಯಲ್ಲಿ ಮೀನಿನ ಕಿವಿರು. ಹುಡುಗರು ಯಾರೂ ಅದನ್ನು ಮುಟ್ಟುತ್ತಿರಲಿಲ್ಲ. “ಅದು ಬ್ಯಾಡ್ರೀ ಅಮ್ಮಾ, ಊರ ಮಂದಿ ಎಲ್ಲಾ ಬೈತದ” ಎಂದು ವಹಾಬ್ ಕೈ ಅಡ್ಡ ಹಿಡಿದ. ಅವರು ಅವನ ಕೈ ಸರಿಯುವ ತನಕ ಕಾದು, ಗುಂಡಿ ಒತ್ತಿದರು.

ಅವರ ಆಟವೇ ಬೇರೆ. ಅವರ ಪಾತ್ರ ಎಂದೂ ಓಡಲಿಲ್ಲ. ಸಂತೆಗೆ ಹೊರಟವರ ಹೆಜ್ಜೆಯಲ್ಲಿ ನಡೆಯುತ್ತಿತ್ತು. ದಾರಿಯಲ್ಲಿ ಕಂಡ ಪ್ರತಿಯೊಬ್ಬರ ಮುಂದೆಯೂ ನಿಂತು, ಪರದೆಗೆ ಮುಖವೊಡ್ಡಿ, ‘ಹೇಳ್ರಿ’ ಎಂದು ಗಟ್ಟಿಯಾಗಿಯೇ ಅನ್ನುತ್ತಿದ್ದರು. ಮೊದಲು ಹುಡುಗರು ಕಿಸಕ್ಕೆಂದರು, ಆಮೇಲೆ ಸುಮ್ಮನಾದರು, ಕೊನೆಗೆ ತಮ್ಮ ಆಟ ನಿಲ್ಲಿಸಿ ಕುರ್ಚಿ ಎಳೆದುಕೊಂಡು ಬಂದರು. ಕೇಳಿದಾಗಲೆಲ್ಲ ಅದೇ ವಾಕ್ಯ ಒಪ್ಪಿಸುವ ಕಾವಲುಗಾರರನ್ನು ಕಂಡರೆ ಅವರಿಗೆ ಆಗುತ್ತಿರಲಿಲ್ಲ. ಇಂವ ಟೇಪು ಎಂದು ಗೊಣಗಿ ಮುಂದೆ ಸಾಗುತ್ತಿದ್ದರು. ಒಮ್ಮೆ ಬಂದರಿನ ಮುದುಕನೊಬ್ಬನ ಕಳೆದುಹೋದ ಬಲೆಯನ್ನು ಹುಡುಕಿಕೊಟ್ಟರು. ವಾರದ ಮೇಲೆ, ದ್ವೀಪದ ಇನ್ನೊಂದು ತುದಿಯಲ್ಲಿ, ಗುರುತಿಲ್ಲದ ಹೆಂಗಸೊಬ್ಬಳು, ಬಲೆ ಹುಡುಕಿದವಳು ನೀನೇ ಅಲ್ಲವೆ ಎಂದಳು. ಪುತಳಾಬಾಯಿ ಕುರ್ಚಿಯಲ್ಲೇ ನನ್ನ ಕಡೆ ತಿರುಗಿದರು. ಅವರ ಮುಖ ಹಾಗೆ ಅರಳಿದ್ದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ.

“ಸುದ್ದಿ ಮುಟ್ಟ್ಯಾದ ನೋಡ್ರಿ ಸರ್” ಎಂದರು.

ಆ ಬಂದರಿನ ಊರಿನಲ್ಲಿ ಪ್ರಯಾಣಿಕರು ಉಂಡು ರಾತ್ರಿ ತಂಗುವ ಒಂದು ಖಾನಾವಳಿಯಿತ್ತು. ಅದರ ಯಜಮಾನ ಕೆಸರುನಾಡಿನವರನ್ನು ಒಳಗೆ ಬಿಡುತ್ತಿರಲಿಲ್ಲ. ನಿಮ್ಮಂಥವರಿಗೆ ದೋಣಿಗಳ ಕಡೆ ಜಾಗವಿದೆ, ಅಲ್ಲಿ ಮಲಗಿರಿ ಎನ್ನುತ್ತಿದ್ದ. ಕತ್ತಿ ತೋರಿಸಿದರೆ ಸಾಕು, ಅರ್ಧ ನಿಮಿಷದ ಕೆಲಸವೆಂದು ವಹಾಬ್ ಸಲಹೆ ಕೊಟ್ಟ. ಪುತಳಾಬಾಯಿ ಒಪ್ಪಲಿಲ್ಲ. ಯಜಮಾನನ ತಂಗಿಗೆ ಔಷಧ ತಂದುಕೊಟ್ಟರು, ಅವನ ನೀರಿನವನ ಕತ್ತೆಯನ್ನು ಕಾಡಿನಿಂದ ಅಟ್ಟಿಕೊಂಡು ಬಂದರು, ಊರಿನ ಒಬ್ಬೊಬ್ಬರ ಬಾಯಲ್ಲೂ ತಮ್ಮ ಬಗ್ಗೆ ಒಂದೊಂದು ಒಳ್ಳೆಯ ಮಾತು ಹುಟ್ಟುವಂತೆ ಮಾಡಿ, ದಿನವೂ ಆ ಬಾಗಿಲಿಗೆ ಹೋಗಿ ನಿಂತು ‘ಹೇಳ್ರಿ’ ಎಂದರು. ಐದು ವಾರ ನಡೆಯಿತು ಇದು. ಸಂಜೆ ಕರೆದೊಯ್ಯಲು ಸೈಕಲ್ಲಿನಲ್ಲಿ ಬರುತ್ತಿದ್ದ ಮಾಪಣ್ಣ, ಕಮಲಾಪುರದ ಕೆಂಪು ಬಾಳೆಹಣ್ಣನ್ನು ಹುಡುಗರಿಗೆಲ್ಲ ಹಂಚುತ್ತ, ತನ್ನ ಹೆಂಡತಿ ಇನ್ನೂ ಖಾನಾವಳಿಯ ಕಟ್ಟೆ ಬಿಟ್ಟು ಮೇಲೆ ಹತ್ತಿಲ್ಲವೇ ಎಂದು ವಿಚಾರಿಸಿ ನಗುತ್ತಿದ್ದ.

ಒಂದು ಗುರುವಾರ ಮಧ್ಯಾಹ್ನ ಯಜಮಾನ ಹೊಸ ಮಾತು ಆಡಿದ. ಪುತಳಾಬಾಯಿ ಅದನ್ನು ಕನ್ನಡದಲ್ಲಿ ಮೆಲ್ಲಗೆ ಓದಿಕೊಂಡರು: “ಒಳಗ ಬಾ. ಕೂಡು.” ಹುಡುಗರು ಚಪ್ಪಾಳೆ ತಟ್ಟಿದರು. ಅವರು ಮಾತ್ರ ಒಳಗೆ ಹೋಗಲಿಲ್ಲ. ಆಟವನ್ನು ಅಲ್ಲಿಗೇ ನಿಲ್ಲಿಸಿ ಮೊದಲಿನಿಂದ ತೆರೆದು, ಈ ಸಲ ಎಂಟರಲ್ಲಿ ಎಲ್ಲಕ್ಕೂ ಮೇಲಿನ ಕುಲವನ್ನು ಆರಿಸಿ, ನೇರ ಅದೇ ಖಾನಾವಳಿಗೆ ನಡೆದರು. ಯಜಮಾನ ಮೊದಲ ಮಾತಿಗೇ ಬಾಗಿ, ಬಾಗಿಲು ತೆರೆದು, ಪಕ್ಕಕ್ಕೆ ಸರಿದು ನಿಂತ.

“ಇವಂಗ ಅಂವ ಏನೂ ಕೇಳಲೇ ಇಲ್ಲ” ಎಂದರು ಪುತಳಾಬಾಯಿ, ತಮ್ಮ ಹೊಸ ಪಾತ್ರದ ಕಡೆ ಬೆರಳು ತೋರಿಸಿ.

ಅರ್ಧ ತಾಸು ಆ ವೇಷದಲ್ಲೇ ಊರೆಲ್ಲ ಸುತ್ತಿದರು. ಎಲ್ಲರೂ ನಮಸ್ಕರಿಸಿದರು. ಅವರಿಗೆ ಆಕಳಿಕೆ ಬಂತು, ಎದ್ದು ದಿಂಬು ಕೊಡವುತ್ತ ಹೇಳಿದರು: “ಬ್ಯಾಸರ ಬರ್ತದರಿ ಸರ್. ಎಲ್ಲಾ ಬಾಗಲಾ ತೆರದೇ ಅವ.”

ಅಂದು ಸಂಜೆ ವಹಾಬ್ ಯಾರಿಗೂ ಹೇಳದೆ, ತಾನು ಖತಂ ಎಂದಿದ್ದ ಆಟವನ್ನು ಕೆಸರುನಾಡಿನವನಾಗಿ ಮತ್ತೆ ಶುರು ಮಾಡಿದ.

ನನಗೆ ಅಂದು ನಿದ್ದೆ ಹತ್ತಲಿಲ್ಲ. ೧೯೮೬ರ ಮೇ ತಿಂಗಳು ನೆನಪಿಗೆ ಬಂದಿತ್ತು. ಸೊಲ್ಲಾಪುರದಲ್ಲಿದ್ದ ನನ್ನ ಅಕ್ಕನಿಗೆ ಏಳನೆಯ ತಿಂಗಳಲ್ಲೇ ನೋವು ಕಾಣಿಸಿಕೊಂಡು ಪ್ರಾಣಕ್ಕೇ ಬಂದಿತ್ತು. ಅವಳ ಗಂಡನ ಮನೆಯವರು ಮಾಡಿದ ಫೋನು ಕಮಲಾಪುರದ ಎಕ್ಸ್‌ಚೇಂಜಿನ ತನಕ ಬಂತು. ಹಿಂದಿನ ದಿನದ ಗಾಳಿಗೆ ನಮ್ಮ ಮನೆಯ ತಂತಿ ಹರಿದುಬಿದ್ದಿತ್ತು. ಬೋರ್ಡನ್ನು ಪೋಸ್ಟಿನ ಗುಮಾಸ್ತನ ಕೈಗೊಪ್ಪಿಸಿ, ಪುತಳಾಬಾಯಿ ಸುಡುಬಿಸಿಲಲ್ಲಿ ಒಂದು ಮೈಲು ನಡೆದು ನಮ್ಮ ಮನೆಗೆ ಬಂದು ಸುದ್ದಿ ಹೇಳಿದರು. ತಂದೆ ಜೀಪು ಮಾಡಿಸಿಕೊಂಡು ಹೊರಟರು. ಅಲ್ಲಿ ಅವರು ರಕ್ತ ಕೊಟ್ಟಿದ್ದರಿಂದ ಅಕ್ಕ ಉಳಿದಳು. ಅತ್ತ ಜೀಪು ಹೊರಟ ಮೇಲೆ, ಹೊರಗೆ ಮೆಟ್ಟಿಲ ಕೆಳಗೇ ನಿಂತಿದ್ದ ಪುತಳಾಬಾಯಿ ನೀರು ಕೇಳಿದರು. ನನ್ನ ತಾಯಿ ತಂಬಿಗೆ ತಂದು, ಮೇಲಿನಿಂದ, ಅವರ ಬೊಗಸೆಗೆ ಸುರಿದಳು. ಅವರು ಬಾಗಿ ಕುಡಿದು ಹೋದರು. ಹತ್ತೊಂಬತ್ತು ವರ್ಷದವನಾದ ನಾನು ಅಲ್ಲೇ ಕಂಬಕ್ಕೊರಗಿ ನಿಂತಿದ್ದೆ. ಅದರಲ್ಲಿ ವಿಶೇಷವೇನೂ ನನಗೆ ಕಾಣಲಿಲ್ಲ. ಕಾಣಲಿಲ್ಲವೆಂಬುದೇ ಈಗ ನನ್ನನ್ನು ಸುಡುತ್ತದೆ.

ಮರುದಿನ, ಒಳಗೆ ಬಂದು ಚಹಾ ಕುಡಿಯಬೇಕೆಂದು ನಾನು ಅವರನ್ನು ಕೇಳಿಕೊಂಡೆ. ಅವರು ನನ್ನನ್ನು ನೋಡಿದರು. ಆ ಎರಡು ಕ್ಷಣಗಳಲ್ಲಿ ನಾನು ಹೇಳಬೇಕಾದದ್ದನ್ನು ಹೇಳಲಿಲ್ಲ. “ನಡೀರಿ, ನಿಮ್ಮವ್ವಾರ್ನ ನೋಡಿದಂಗಾತು” ಎಂದು ಎದ್ದರು.

ನನ್ನ ತಾಯಿ ಸಾವಿತ್ರೀಬಾಯಿಗೆ ಆಗ ಕಣ್ಣು ಮಂಜಾಗಿತ್ತು. ನಮಸ್ಕಾರ ಎಂಬ ಒಂದು ಶಬ್ದ ಕೇಳಿದ್ದೇ ತಡ, “ಅಗ ಬಾಯಿ, ಕಮಲಾಪುರ ಎಕ್ಸ್‌ಚೇಂಜಿನಾಕಿ ಅಲಾ ನೀ?” ಎಂದು ಕೈ ಚಾಚಿದಳು. ಪಕ್ಕದಲ್ಲಿ ಮಂಚದ ಮೇಲೆಯೇ ಕೂರಿಸಿಕೊಂಡಳು. ನಾವು ಕುಡಿಯುವ ಕಪ್ಪಿನಲ್ಲೇ ಚಹಾ ಬಂತು. ಅಕ್ಕನ ಸುದ್ದಿ, ಅಂದು ಬದುಕಿದ ಮೊಮ್ಮಗ ಈಗ ಕಾಲೇಜಿಗೆ ಹೋಗುವ ಸುದ್ದಿ, ಎಲ್ಲ ಹೇಳುತ್ತ ಹೇಳುತ್ತ ತಾಯಿಯ ಮಾತು ಆ ಮಧ್ಯಾಹ್ನಕ್ಕೆ ಬಂತು. ನಾನು ಕಿಟಕಿಯ ಕಡೆ ತಿರುಗಿದೆ.

“ಬಿಸಲಾಗ ಬಂದಿದ್ದಿ. ನಾನ ಖುದ್ದು ನೀರ್ ಕೊಟ್ಟಿದ್ದೆ, ನೆನಪದ ಏನವಾ?” ಎಂದಳು. ಆ ದನಿಯಲ್ಲಿ ಸಂಕೋಚವಿರಲಿಲ್ಲ. ತಾನು ಮಾಡಿದ ಒಂದು ಉಪಕಾರವನ್ನು ನೆನೆಯುವ ಮುದುಕಿಯ ತೃಪ್ತಿಯಿತ್ತು.

ಪುತಳಾಬಾಯಿ ಕಪ್ಪನ್ನು ಕೆಳಗಿಟ್ಟರು.

“ಕೊಟ್ಟಿದ್ರಿ” ಎಂದರು. “ಬಿಸಲು ಭಾಳ ಇತ್ತು ಅವತ್ತ.”

ಅಷ್ಟೇ. ಆಮೇಲೂ ಬಹಳ ಹೊತ್ತು ಕುಳಿತು ತಾಯಿಯ ಮೊಣಕಾಲು ನೋವಿನ ಕಥೆ ಕೇಳಿದರು. ಆ ನೀರಿನ ಮಾತನ್ನು ಅವರು ಮತ್ತೆಂದೂ ಎತ್ತಲಿಲ್ಲ. ಎತ್ತಬೇಕಾದವನು ನಾನು, ನಾನೂ ಎತ್ತಲಿಲ್ಲ. ತಾಯಿ ತೀರಿಕೊಳ್ಳುವ ತನಕ, ಗುರುವಾರಗಳಂದು ಅವರು ಆಟಕ್ಕೆ ಮೊದಲು ಒಳಗೆ ಹೋಗಿ ಮಾತಾಡಿಸಿಯೇ ಬರುತ್ತಿದ್ದರು. ಅದು ಕ್ಷಮೆಯೋ, ಸೌಜನ್ಯವೋ, ಅಥವಾ ಎಲ್ಲರ ಮಾತನ್ನೂ ಕೇಳಿಸಿಕೊಳ್ಳುವ ಅವರ ವೃತ್ತಿಧರ್ಮವೋ, ನನಗೆ ಇಂದಿಗೂ ನಿರ್ಧರಿಸಲಾಗಿಲ್ಲ.

ನಾಲ್ಕು ವರ್ಷಗಳಲ್ಲಿ ಅವರು ‘ದ್ವೀಪ’ವನ್ನು ಹನ್ನೊಂದು ಸಲ ಆಡಿದರು. ಒಮ್ಮೆ ಸನ್ಯಾಸಿಯಾಗಿ, ಒಮ್ಮೆ ಕಳ್ಳಿಯಾಗಿ, ಒಮ್ಮೆ ಯಾರಿಗೂ ಸುಳ್ಳು ಹೇಳದವಳಾಗಿ. ದುಷ್ಟರಾಜನ ಅರಮನೆಗೆ ಒಂದು ಸಲವೂ ಹೋಗಲಿಲ್ಲ. ೨೦೦೬ರಲ್ಲಿ ವಹಾಬ್ ಹೈದರಾಬಾದಿನಿಂದ ಹೊಸ ಆಟವೊಂದರ ಡಿವಿಡಿಯನ್ನು ತಂದ. ಆ ಲೋಕ ‘ದ್ವೀಪ’ದ ನಾಲ್ಕರಷ್ಟು ದೊಡ್ಡದು, ಹುಲ್ಲಿನ ಎಸಳು ಗಾಳಿಗೆ ಬಾಗುತ್ತಿತ್ತು, ಕೆರೆಯಲ್ಲಿ ಮೋಡ ಕಾಣುತ್ತಿತ್ತು. ಪುತಳಾಬಾಯಿ ಎರಡು ವಾರ ಅದರೊಳಗೆ ನಡೆದರು. ಯಾವ ಕುಲದವಳಾಗಿ ಹೋದರೂ ಎಲ್ಲರೂ ಒಂದೇ ನಗೆ ನಕ್ಕರು, ಒಂದೇ ಮಾತಾಡಿದರು. ಒಂದೂರಿನಲ್ಲಿ ಬೆಂಕಿ ಹಚ್ಚಿದರೂ ಪಕ್ಕದೂರಿಗೆ ಗೊತ್ತಾಗುತ್ತಿರಲಿಲ್ಲ. ಹದಿನೈದನೆಯ ದಿನ ಅವರು ಕೈ ತೆಗೆದರು. ಮೇಲುಕೀಳಿಲ್ಲದೆ ಎಲ್ಲರನ್ನೂ ಸಮವಾಗಿ ಕಾಣುವ ಲೋಕ ಒಳ್ಳೆಯದೇ ಅಲ್ಲವೆ ಎಂದು ನಾನು ಕೇಳಿದೆ. ಕೇಳುವಾಗಲೇ ನಾನು ಕೇಳಬಾರದವನೆಂದು ತಿಳಿಯಿತು.

ಅವರು ಸಿಟ್ಟಾಗಲಿಲ್ಲ. “ಇದು ಸಮ ಅಲ್ರಿ ಸರ್. ಇಲ್ಲಿ ನನ್ನ ಯಾರೂ ನೋಡೂದೇ ಇಲ್ಲ. ಆ ಖಾನಾವಳಿಯಂವ ಬೈದ್ರೂ ನನ್ನ ನೋಡಿ ಬೈದಿದ್ದ. ನೋಡಿದಂವ ನಾಳಿ ಬದಲಾಗ್ತಾನ. ಇವ್ರು ಯಾತರಿಂದ ಬದಲಾಗ್ತಾರ?”

ಮರುವರ್ಷ ಮನೆಮನೆಗೆ ಕಂಪ್ಯೂಟರ್ ಬಂದು ನನ್ನ ಕೇಂದ್ರ ಮುಚ್ಚಿತು. ‘ದ್ವೀಪ’ವಿದ್ದ ಯಂತ್ರವನ್ನು ಅವರಿಗೇ ಕೊಡಲು ಹೋದೆ. ಅವರು ಬೇಡವೆಂದರು. ಅಲ್ಲಿನ ಎಲ್ಲರ ಮಾತನ್ನೂ ಕೇಳಿಯಾಯಿತು, ಇನ್ನು ಹೋದರೆ ಅವರಿಗೂ ತೊಂದರೆ, ತಮಗೂ ಬೇಸರ ಎಂದು ನಕ್ಕರು. ಗಂಡಹೆಂಡಿರು ಕಮಲಾಪುರಕ್ಕೆ ಹಿಂದಿರುಗಿ, ಬಸ್ ನಿಲ್ದಾಣದ ಹಿಂದೆ ಎರಡು ಕೋಣೆಯ ಮನೆ ಕಟ್ಟಿಕೊಂಡರು. ಕೇರಿಯ ಹೆಂಗಸರಿಗೆ ಅವರು ಅರ್ಜಿ ಬರೆದುಕೊಡುತ್ತಾರೆಂದೂ, ಬರೆದದ್ದಕ್ಕೆ ಉತ್ತರ ಬಾರದಿದ್ದರೆ ಅದೇ ಅರ್ಜಿಯನ್ನು ಬೇರೆ ಮಾತುಗಳಲ್ಲಿ ಮತ್ತೆ ಬರೆಯುತ್ತಾರೆಂದೂ ಮಾಪಣ್ಣ ಒಮ್ಮೆ ಗಂಜಿನಲ್ಲಿ ಸಿಕ್ಕಾಗ ಹೇಳಿದ.

ಲೋಕ ವಿಶಾಲವಾಗಿದೆಯೆಂಬ ಒಂದೇ ಕಾರಣಕ್ಕೆ ಯಾರೂ ಅದರೊಳಗೆ ಎರಡನೆಯ ಸಲ ಕಾಲಿಡುವುದಿಲ್ಲ. ನನ್ನಂಥವರು ಹುಟ್ಟುವಾಗಲೇ ಕದ ತೆರೆದ ಮನೆಗಳಲ್ಲಿ ಕಣ್ಣು ಬಿಟ್ಟು, ನಡುಬೀದಿಯಲ್ಲೇ ನಡೆದು, ಊರು ಮುಗಿಯಿತೆಂದು ಬೇಗ ಬೇಸರಪಡುತ್ತೇವೆ; ಆ ಬೇಸರಕ್ಕೆ ಊರನ್ನೇ ದೂರುತ್ತೇವೆ. ಪುತಳಾಬಾಯಿಯಂಥವರು ಅದೇ ಊರಿಗೆ ಅಂಚಿನಿಂದ ಬರುತ್ತಾರೆ. ಒಂದೊಂದು ಹೊಸ್ತಿಲಿನ ಎತ್ತರವೂ ಅವರಿಗೆ ಗೊತ್ತಿರುತ್ತದೆ, ಒಳಗಿನವರು ಯಾವ ದಿನ ಯಾವ ಮಾತಿಗೆ ಕರಗಬಹುದೆಂಬುದೂ. ಅವರು ಹತ್ತು ಸಲ ಹೋಗಿ ಬಂದರೂ ತೀರದ ಊರನ್ನೇ ನಾವು ಒಂದು ಸಲಕ್ಕೆ ನೋಡಿ ಮುಗಿಸಿದೆವೆಂದು ನಂಬಿ, ಅಲ್ಲೇ ವಾಸವಾಗಿರುತ್ತೇವೆ.